ಅತ್ಯಗತ್ಯದ ಪಟ್ಟಿ

ಡೊಂಬಿವಲಿಯಲ್ಲಿ ಮನೆ ಮಾಡಿದವನಿಗೆ ಓದುವ ಕೋಣೆ ಬೇರೆ ಬೇಕಾಗಿಲ್ಲ, ಲೋಕಲ್ ರೈಲು ಇದ್ದರೆ ಸಾಕು ಅಂತ ನಾವು ತಮಾಷೆ ಮಾಡುತ್ತಿದ್ದೆವು. ಶಿರಸಿಯಿಂದ ಬಂದವನು ನಾನು. ಕೋಟೆಯ ಬ್ಯಾಂಕಿನಲ್ಲಿ ಗುಮಾಸ್ತಿಕೆಯಿಂದ ಶುರು ಮಾಡಿ ನಿವೃತ್ತನಾಗುವವರೆಗೆ ದಿನಾ ಹೋಗಲು ಒಂದೂಕಾಲು ಗಂಟೆ, ಬರಲು ಒಂದೂಕಾಲು ಗಂಟೆ. ಕೂರಲು ಜಾಗ ಸಿಕ್ಕುವುದು ಅಪರೂಪ. ಪೇಪರನ್ನು ಎಂಟು ಮಡಿಕೆ ಮಾಡಿ ಒಂದೇ ಕೈಯಲ್ಲಿ ಹಿಡಿದು ಓದುವ ವಿದ್ಯೆ ಈ ಊರು ಕಲಿಸಿದ್ದು. ಕಾದಂಬರಿಗಳನ್ನೆಲ್ಲ ನಾನು ಓದಿದ್ದು ದಿವಾ, ಮುಂಬ್ರಾ, ಥಾಣೆಗಳ ನಡುವೆ, ಇನ್ನೊಬ್ಬರ ಬೆನ್ನಿಗೆ ಪುಸ್ತಕ ಆನಿಸಿಕೊಂಡು. ಆ ಪುಸ್ತಕಗಳು ನನ್ನವಲ್ಲ, ಲೈಬ್ರರಿಯವು.

1853ರಲ್ಲಿ ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಥಾಣೆಗೆ ಓಡಿದ್ದು ಇದೇ ದಾರಿಯಲ್ಲಿ. 2020ರ ಮಾರ್ಚ್ 22ರ ರಾತ್ರಿ ಲೋಕಲ್‌ಗಳು ನಿಂತವು. ನಮ್ಮ ಮನೆ ಹಳಿಯಿಂದ ಕೂಗಳತೆಯ ದೂರದಲ್ಲಿದೆ. ಗದ್ದಲಕ್ಕೆ ಎಚ್ಚರವಾಗುವುದು ಗೊತ್ತಿತ್ತು, ನಿಶ್ಶಬ್ದಕ್ಕೆ ಎಚ್ಚರವಾಗಿದ್ದು ಆಗಲೇ.

ಆಮೇಲೆ ಒಂದು ಶಬ್ದ ಊರನ್ನೆಲ್ಲ ಆಳತೊಡಗಿತು: ‘ಅತ್ಯಾವಶ್ಯಕ’. ಮರಾಠಿಯಲ್ಲೂ ಅದೇ, ನಮ್ಮಲ್ಲೂ ಹೆಚ್ಚು ಕಡಿಮೆ ಅದೇ. ಹಾಲು, ಔಷಧಿ, ಕಿರಾಣಿ ಅತ್ಯಾವಶ್ಯಕ. ಜೂನ್ 15ರಿಂದ ಲೋಕಲ್ ಮತ್ತೆ ಓಡಿದ್ದೂ ಅತ್ಯಾವಶ್ಯಕ ಸೇವೆಯವರಿಗೆ ಮಾತ್ರ. ನಮ್ಮ ಎದುರು ಮನೆಯ ನರ್ಸ್ ಹುಡುಗಿ ಅತ್ಯಾವಶ್ಯಕಳು, ಅವಳ ಗಂಡ ಅಲ್ಲ. ಪಟ್ಟಿಯ ಆಚೆ ಯಾರು ಈಚೆ ಯಾರು ಅನ್ನುವುದರ ಮೇಲೆ ಮನುಷ್ಯರ ಬೆಲೆ ಕಟ್ಟಿದ ಹಾಗಾಯಿತು. ಏಪ್ರಿಲ್ 18ರಂದು ಮಹಾರಾಷ್ಟ್ರ ಸರಕಾರದ ಒಂದು ಆದೇಶ ಬಂತು: ಪತ್ರಿಕೆ ಅಚ್ಚು ಹಾಕಬಹುದು, ಆದರೆ ಮನೆಮನೆಗೆ ಹಾಕುವಂತಿಲ್ಲ. ಸುದ್ದಿ ಅಗತ್ಯ, ಸುದ್ದಿ ತರುವವನು ಅಪಾಯ! ಆಗ ನಗು ಬಂದಿತ್ತು. ಆ ನಗೆಯೊಳಗೆ ನನ್ನದೇ ಒಂದು ಕಥೆ ಕಾದು ಕೂತಿದೆ ಅಂತ ಗೊತ್ತಿರಲಿಲ್ಲ.

ಊರಿನ ಓದುಗರಿಗೆ ಇಲ್ಲಿಯ ಲೈಬ್ರರಿಯ ಬಗ್ಗೆ ನಾಲ್ಕು ಮಾತು ಹೇಳಬೇಕು. ನಮ್ಮ ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯ ಅಂದರೆ ಸರಕಾರದ್ದು. 1965ರ ಕಾಯಿದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಶೇಕಡಾ 6ರ ಗ್ರಂಥಾಲಯ ಕರ ಕಟ್ಟುತ್ತೇವೆ, ಅದರಿಂದ ನಡೆಯುತ್ತದೆ. ಇಲ್ಲಿಯ ರೀತಿ ಬೇರೆ. ಊರ ಹತ್ತು ಜನ ಸೇರಿ ಸಂಸ್ಥೆ ಕಟ್ಟುತ್ತಾರೆ. 1967ರ ಮಹಾರಾಷ್ಟ್ರದ ಕಾಯಿದೆ ಅದಕ್ಕೆ ಮಾನ್ಯತೆ ಕೊಟ್ಟು, ದರ್ಜೆ ನೋಡಿ ಅನುದಾನ ಕೊಡುತ್ತದೆ. ಉಳಿದದ್ದು ಸದಸ್ಯರ ದುಡ್ಡು. ಕಲ್ಯಾಣದ ಸಾರ್ವಜನಿಕ ವಾಚನಾಲಯ 1864ರದ್ದು, ಥಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ 1893ರದ್ದು. 1896ರ ಪ್ಲೇಗನ್ನೂ 1918ರ ಇನ್‌ಫ್ಲುಯೆಂಜಾವನ್ನೂ ಕಂಡ ಸಂಸ್ಥೆಗಳು ಇವು. ಸದಸ್ಯರು ತಿಂಗಳು ತಿಂಗಳು ಕೊಡುವ ಹಣಕ್ಕೆ ಇಲ್ಲಿ ‘ವರ್ಗಣಿ’ ಅನ್ನುತ್ತಾರೆ. ಆ ಶಬ್ದ ಮೊದಲ ಸಲ ಕೇಳಿದಾಗ ನನಗೆ ಖುಷಿಯಾಗಿತ್ತು. ನಮ್ಮ ಕಡೆ ತೇರಿಗೆ, ಆಟಕ್ಕೆ ಮನೆಮನೆಯಿಂದ ಎತ್ತುವುದೂ ವರ್ಗಣಿಯೇ ಅಲ್ಲವೇ?

ನಾನು ಸದಸ್ಯನಾಗಿರುವುದು ಇಂಥದೇ ಒಂದು ಸಣ್ಣ ಲೈಬ್ರರಿಗೆ. ಮರಾಠಿಯದೇ ಸಾಮ್ರಾಜ್ಯ, ಮೂಲೆಯಲ್ಲಿ ಕನ್ನಡದ ಒಂದು ಕಪಾಟು. ಊರಿಗೆ ಮರಳಿದವರು, ತೀರಿಕೊಂಡವರ ಮಕ್ಕಳು ಕೊಟ್ಟುಹೋದ ಪುಸ್ತಕಗಳೇ ಅದರಲ್ಲಿ ಹೆಚ್ಚು.

ಆಗಸ್ಟಿನಲ್ಲಿ ಲೈಬ್ರರಿಯವರು ಬಾಗಿಲು ಮುಚ್ಚಿಕೊಂಡೇ ಪುಸ್ತಕ ಮನೆಗೆ ಕಳಿಸುವ ವ್ಯವಸ್ಥೆ ಮಾಡಿದರು. ಗುಮಾಸ್ತರಿಗೆ ಕನ್ನಡ ಓದಲು ಬಾರದು. ಆದ್ದರಿಂದ ಕಪಾಟಿನ ಒಂದೊಂದು ಸಾಲಿನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಿದ್ದರು, ನಾನು ಬೇಕಾದ್ದಕ್ಕೆ ಗೆರೆ ಹಾಕಿ ಹಿಂದಕ್ಕೆ ಕಳಿಸುತ್ತಿದ್ದೆ. ಮರಳಿ ಬಂದ ಪುಸ್ತಕಗಳನ್ನು ಮೂರು ದಿನ ಬೇರೆ ಇಡುವ ನಿಯಮ. ಅಮೆರಿಕದ ಗ್ರಂಥಾಲಯ ಸಂಸ್ಥೆಗಳು ಪ್ರಯೋಗಾಲಯವೊಂದರ ಜೊತೆ ಸೇರಿ ಮಾಡಿಸಿದ ಪರೀಕ್ಷೆಯ ಫಲಿತಾಂಶ ಅದೇ ಜೂನ್‌ನಲ್ಲಿ ಬಂದಿತ್ತು: ಬಿಡಿಯಾಗಿಟ್ಟ ಪುಸ್ತಕದ ಮೇಲೆ ಮೂರು ದಿನಗಳ ನಂತರ ವೈರಸ್ ಪತ್ತೆಯಾಗಲಿಲ್ಲ. ಒಂದರ ಮೇಲೊಂದು ಪೇರಿಸಿಟ್ಟರೆ ಆರು ದಿನವಾದರೂ ಇರುತ್ತದೆ ಅಂತ ಆಮೇಲೆ ತಿಳಿಯಿತು. ಪುಸ್ತಕದ ಮೇಲ್ಮೈಯಿಂದ ಅಂಟುವುದಕ್ಕಿಂತ ಗಾಳಿಯಿಂದ ಅಂಟುವುದೇ ಹೆಚ್ಚು ಅಂತ ತಿಳಿಯಲು ಇನ್ನೂ ಸ್ವಲ್ಪ ಕಾಲ ಹೋಯಿತು. ನಮ್ಮ ಮನೆಯಲ್ಲಂತೂ ಬಿಸಿಲಿಗೆ ಹಾಕೋಣ ಅಂದರೆ ಶ್ರಾವಣದ ಮಳೆ. ಇವಳು ಪುಸ್ತಕಗಳನ್ನು ಹಪ್ಪಳದ ಹಾಗೆ ಫ್ಯಾನಿನ ಕೆಳಗೆ ಹರವಿಡುತ್ತಿದ್ದಳು.

ಪುಸ್ತಕ ತರುತ್ತಿದ್ದವನು ಒಬ್ಬ ಹುಡುಗ, ಹತ್ತೊಂಬತ್ತು ಇಪ್ಪತ್ತರ ಪ್ರಾಯ. ಸೈಕಲ್ಲು, ಬೆನ್ನಿಗೊಂದು ಚೀಲ. ಮೊದಲ ದಿನವೇ ನಮ್ಮ ಸೊಸೈಟಿಯ ಗೇಟಿನಲ್ಲಿ ತಕರಾರು. ವಾಚ್‌ಮನ್ ಬಿಡಲಿಲ್ಲ. ಹಾಲಿನವನಿಗೆ ಪ್ರವೇಶವಿದೆ, ತರಕಾರಿಯವನಿಗೆ ಇದೆ, ಪುಸ್ತಕದವನ ಹೆಸರು ಪಟ್ಟಿಯಲ್ಲಿಲ್ಲ. ಸೆಕ್ರೆಟರಿಗೆ ಫೋನ್ ಮಾಡಿದೆ. “ಕಾಕಾ, ಪುಸ್ತಕ ಅತ್ಯಾವಶ್ಯಕದಲ್ಲಿ ಬರೋದಿಲ್ಲವಲ್ಲ” ಅಂದರು.

ನನಗೆ ರೇಗಿಹೋಯಿತು. ಸೊಸೈಟಿಯ ಆನ್‌ಲೈನ್ ಮೀಟಿಂಗಿನಲ್ಲಿ ಅರ್ಧ ಗಂಟೆ ಮಾತಾಡಿದೆ. ಹೊಟ್ಟೆಗೆ ಅನ್ನ ಬೇಕು ಸರಿ, ಮನಸ್ಸಿಗೆ? ನಾಲ್ಕು ತಿಂಗಳಿಂದ ಬಾಗಿಲ ಹೊರಗೆ ಕಾಲಿಡದ ಮುದುಕರು ಈ ಕಟ್ಟಡದಲ್ಲಿ ಎಷ್ಟಿದ್ದೇವೆ? ಟಿ.ವಿ.ಯಲ್ಲಿ ಸಾವಿನ ಲೆಕ್ಕ ನೋಡುತ್ತ ಎಷ್ಟು ದಿನ ಕೂರೋದು? ಪುಸ್ತಕ ಐಷಾರಾಮ ಅಲ್ಲ, ಬದುಕಿನ ಅಗತ್ಯ ಅಂತ ವಾದಿಸಿದೆ. ಗೆದ್ದೆ. ಹುಡುಗನಿಗೆ ಮೆಟ್ಟಿಲ ಬುಡದವರೆಗೆ ಬರಲು ಅನುಮತಿ ಸಿಕ್ಕಿತು. ಇದೇ ವಾದ ಫ್ರಾನ್ಸಿನಲ್ಲೂ ನಡೆಯಿತು ಅಂತ ಆಮೇಲೆ ಓದಿದೆ. 2020ರ ಅಕ್ಟೋಬರ್ ಕೊನೆಗೆ ಅಲ್ಲಿ ಪುಸ್ತಕದಂಗಡಿಗಳನ್ನು ಅಗತ್ಯವಲ್ಲದವು ಅಂತ ಮುಚ್ಚಿಸಿದಾಗ ದೊಡ್ಡ ಗಲಾಟೆಯಾಗಿ, 2021ರ ಫೆಬ್ರುವರಿಯಲ್ಲಿ ಸರಕಾರ ಅವನ್ನು ಅಗತ್ಯದ ಪಟ್ಟಿಗೆ ಸೇರಿಸಿತು. ನಾನು ಡೊಂಬಿವಲಿಯಲ್ಲಿ ಅವರಿಗಿಂತ ಮೊದಲೇ ಗೆದ್ದಿದ್ದೆನಲ್ಲ ಅಂತ ಜಂಬ ಪಡಬಹುದಿತ್ತು. ಅಷ್ಟರಲ್ಲಿ ಜಂಬ ಇಳಿದುಹೋಗಿತ್ತು.

ಸೆಪ್ಟೆಂಬರಿನ ಒಂದು ವಾರ ಹುಡುಗ ಬರಲಿಲ್ಲ. ಗುಮಾಸ್ತರನ್ನು ಕೇಳಿದೆ. ಜ್ವರ ಇತ್ತು, ಟೆಸ್ಟು ಪಾಸಿಟಿವ್ ಬಂತು ಅಂದರು. ಅವನ ನಂಬರು ನನ್ನ ಫೋನಿನಲ್ಲಿ ‘ಪುಸ್ತಕದವ’ ಅಂತ ಇತ್ತು. ಹೆಸರು ಕೇಳಿರಲೇ ಇಲ್ಲ ನೋಡಿ. ಫೋನ್ ಮಾಡಿದೆ. ಒಬ್ಬಾಕೆ ಎತ್ತಿ ಹಿಂದಿಯಲ್ಲಿ ಯಾರು ಅಂದಳು. ನಾನು ಹೇಳುವುದರೊಳಗೆ ಒಳಗೆ ಯಾರಿಗೋ ಕೂಗಿದಳು: “ಏ, ಅಣ್ಣಂದು ಲೈಬ್ರರಿಯವ್ರು ಅಂತ ಕಾಣಸ್ತದ ನೋಡವಾ.”

ಕನ್ನಡ! ನಾನೂ ಕನ್ನಡದಲ್ಲೇ ಮಾತಾಡಿಸಿದೆ. ಆಕೆ ಅವನ ತಾಯಿ. ಯಾದಗಿರಿ ಕಡೆಯವರು, ಕಟ್ಟಡ ಕೆಲಸಕ್ಕೆ ಅಂತ ಇಪ್ಪತ್ತು ವರ್ಷದ ಹಿಂದೆ ಬಂದವರು, ಈಗ ದಿವಾದ ಚಾಳಿನಲ್ಲಿ ಒಂದು ಕೋಣೆಯ ಮನೆ. “ಅವಗ ಸೆಂಟರಿಗೆ ಒಯ್ದಾರ್ರಿ. ಫೋನ ಇಲ್ಲೇ ಬಿಟ್ಟು ಹೋಗ್ಯಾನ. ತಂಗಿ ಸಾಲಿ ಫೋನಿನ್ಯಾಗ ನಡೀತದಲ್ರಿ, ಇರೋದು ಇದೊಂದೇ.” ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತೇನೋ. ದಿವಾದಿಂದ ಡೊಂಬಿವಲಿಗೆ ರೈಲಿನಲ್ಲಿ ಒಂದೆರಡು ಸ್ಟೇಷನ್ ಅಷ್ಟೇ. ಆದರೆ ಅವನು ಪಟ್ಟಿಯಲ್ಲಿಲ್ಲದವನು, ರೈಲು ಹತ್ತುವ ಹಾಗಿರಲಿಲ್ಲ. ನನ್ನ ಕನ್ನಡ ಪುಸ್ತಕಗಳನ್ನು ಹೊತ್ತು ಸೈಕಲ್ಲಿನಲ್ಲೇ ಬರುತ್ತಿದ್ದ. ಕಲಿತದ್ದು ಮರಾಠಿ ಶಾಲೆಯಲ್ಲಿ. ಮನೆಮಾತು ಕನ್ನಡ, ಓದಲು ಬಾರದು. ನನ್ನ ಜೊತೆ ಮರಾಠಿಯಲ್ಲೇ ಮಾತಾಡಿದ್ದ, ನಾನೂ ಹಾಗೆಯೇ.

ಹದಿನೈದು ದಿನಕ್ಕೆ ಅವನು ಹುಷಾರಾಗಿ ಮನೆಗೆ ಬಂದ. ಜ್ವರ ಎಲ್ಲಿ ಹತ್ತಿತೋ ಯಾರಿಗೆ ಗೊತ್ತು? ಚಾಳಿನ ನಲ್ಲಿಯ ಸಾಲಿನಲ್ಲಿ ಇರಬಹುದು, ಕಿರಾಣಿ ಅಂಗಡಿಯಲ್ಲಿ ಇರಬಹುದು. ನನ್ನಿಂದಲೇ ಆಯಿತು ಅನ್ನುವುದಕ್ಕೆ ಆಧಾರವಿಲ್ಲ, ಅಲ್ಲ ಅನ್ನುವುದಕ್ಕೂ ಇಲ್ಲ. ನನಗೆ ಚುಚ್ಚಿದ್ದು ಬೇರೆ ಸಂಗತಿ. ಪುಸ್ತಕ ಅಗತ್ಯವೇ ಅನ್ನುವ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇವತ್ತಿಗೂ ತಪ್ಪಲ್ಲ. ತಪ್ಪಿದ್ದು ಆ ಒಂದು ಪ್ರಶ್ನೆ ಗೆದ್ದ ಕೂಡಲೇ ಎಲ್ಲ ಮುಗಿಯಿತು ಅಂದುಕೊಂಡದ್ದು. ಒಂದು ವಸ್ತು ನನಗೆ ಅಗತ್ಯ ಅನ್ನುವುದು ಒಂದು ಮಾತು. ಅದರ ಅಪಾಯವನ್ನು ಯಾರು ಹೊರಬೇಕು ಅನ್ನುವುದು ಎರಡನೆಯ ಮಾತು. ಮೊದಲನೆಯದಕ್ಕೆ ಅರ್ಧ ಗಂಟೆ ಭಾಷಣ ಮಾಡಿದ ನಾನು ಎರಡನೆಯದನ್ನು ಕೇಳಲೇ ಇಲ್ಲ. ಅಂದು ನಗು ತರಿಸಿದ್ದ ಸರಕಾರಿ ಆದೇಶ ಪತ್ರಿಕೆ ಹಾಕುವ ಹುಡುಗನ ಬಗ್ಗೆ ಇಷ್ಟಾದರೂ ಯೋಚಿಸಿತ್ತು, ಓದುಗನ ಹೆದರಿಕೆಗೇ ಯೋಚಿಸಿದ್ದಿರಲಿ.

ಹಾಗಾದರೆ ಏನು ಮಾಡೋದು? ನನಗೆ ಮೊದಲು ಹೊಳೆದದ್ದು ಸುಲಭದ ದಾರಿ: ಪುಸ್ತಕ ತರಿಸುವುದನ್ನೇ ಬಿಟ್ಟುಬಿಡುವುದು. ಬಿಟ್ಟೆ. ತ್ಯಾಗ ಮಾಡಿದವನ ನೆಮ್ಮದಿ ಒಂದು ವಾರ ಅನುಭವಿಸಿದೆ.

ಆ ಹೊತ್ತಿಗೆ ತಂಗಿಯ ಮಗ ಶಿರಸಿಯಿಂದ ಕರ್ನಾಟಕದ ಗ್ರಂಥಾಲಯ ಇಲಾಖೆಯ ಡಿಜಿಟಲ್ ಲೈಬ್ರರಿಯ ಕೊಂಡಿ ಕಳಿಸಿದ. 2020ರ ಆರಂಭದಲ್ಲೇ ಶುರುವಾಗಿದ್ದ ಅದಕ್ಕೆ ಲಾಕ್‌ಡೌನ್‌ನಲ್ಲಿ ಲಕ್ಷಗಟ್ಟಲೆ ಜನ ಸದಸ್ಯರಾದರು. ಒಳ್ಳೆಯ ಕೆಲಸವೇ. ಯಾರೂ ಹೊರಬೇಕಿಲ್ಲ, ಯಾರಿಗೂ ಅಂಟುವುದಿಲ್ಲ. ಆದರೆ ಓದುತ್ತ ಕೂತಾಗ ದಿವಾದ ಆ ಒಂದೇ ಫೋನು ನೆನಪಾಗುತ್ತಿತ್ತು. ಫೋನಿನೊಳಗೆ ಹೋದ ಲೈಬ್ರರಿ, ಫೋನು ಇದ್ದವರ ಲೈಬ್ರರಿ. ಅದೇ ವರ್ಷ ನವೆಂಬರಿನಲ್ಲಿ ನಮ್ಮ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಅಂತ ಶುರು ಮಾಡಿ, ಶಾಲೆ ಮುಚ್ಚಿದ್ದ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡರು. ಆ ಸುದ್ದಿ ಓದಿದಾಗ ಸಮಾಧಾನವೂ ಆಯಿತು, ಸಂಕಟವೂ ಆಯಿತು. ಯಾದಗಿರಿಯಲ್ಲೇ ಉಳಿದಿದ್ದರೆ ಆ ತಂಗಿಗೆ ಅದು ಸಿಗುತ್ತಿತ್ತಲ್ಲ.

ಅಕ್ಟೋಬರ್ 15ರಿಂದ ಲೈಬ್ರರಿಗಳನ್ನು ತೆರೆಯಲು ಮಹಾರಾಷ್ಟ್ರದಲ್ಲಿ ಅನುಮತಿ ಸಿಕ್ಕಿತು. ಅಬ್ದುಲ್ ಕಲಾಂ ಅವರ ಜನ್ಮದಿನ, ಇಲ್ಲಿ ಅದನ್ನು ವಾಚನ ಪ್ರೇರಣಾ ದಿನ ಅಂತ ಆಚರಿಸುತ್ತಾರೆ. ಕೆಲವು ದಿನ ಬಿಟ್ಟು ಹೋದೆ. ಬಾಗಿಲಿಗೆ ಅಡ್ಡ ಮೇಜು, ಒಳಗೆ ಪ್ರವೇಶವಿಲ್ಲ. ಹುಡುಗ ಅಲ್ಲೇ ಇದ್ದ, ಸ್ವಲ್ಪ ಸೊರಗಿದ್ದ. ಕನ್ನಡದಲ್ಲಿ ಮಾತಾಡಿಸಿದೆ. ನಾಚಿಕೊಂಡು ನಕ್ಕ. ನಿನಗೆ ತೊಂದರೆಯಾಗಬಾರದು ಅಂತ ತರಿಸುವುದನ್ನು ಬಿಟ್ಟೆ ಕಣಪ್ಪಾ ಅಂದೆ, ಸ್ವಲ್ಪ ದೊಡ್ಡತನದಿಂದಲೇ.

ಅವನು ಒಂದು ಗಳಿಗೆ ಸುಮ್ಮನಿದ್ದು ಹೇಳಿದ: “ಕಾಕಾ, ನನಗ ಮನೀಗಿಷ್ಟು ಅಂತ ರೊಕ್ಕ ಕೊಡ್ತಾರ್ರಿ. ನೀವು ಬಿಟ್ರಿ, ಇನ್ನ ನಾಕು ಮಂದಿ ಬಿಟ್ರು. ಹಿಂಗಾದ್ರ ಹೆಂಗ್ರಿ?”

ನನ್ನ ತ್ಯಾಗಕ್ಕೆ ಕೂಲಿ ಕೊಟ್ಟವನೂ ಅವನೇ ಅಂತ ಆಗ ತಿಳಿಯಿತು. ತರಿಸಿದರೆ ಅವನಿಗೆ ಅಪಾಯ, ಬಿಟ್ಟರೆ ಅವನಿಗೆ ಉಪವಾಸ. ಎರಡೂ ಸಲ ಅವನನ್ನು ಕೇಳದೆ ತೀರ್ಮಾನ ಮಾಡಿದವನು ನಾನು. ಕರುಣೆಯೂ ಕೇಳದೆ ಮಾಡಿದರೆ ದರ್ಪವೇ.

ಆ ವರ್ಷ ಸದಸ್ಯರಲ್ಲಿ ಇನ್ನೊಂದು ಚರ್ಚೆ ನಡೆದಿತ್ತು: ಮುಚ್ಚಿದ್ದ ತಿಂಗಳುಗಳ ವರ್ಗಣಿ ಯಾಕೆ ಕೊಡಬೇಕು? ಪುಸ್ತಕ ಕೊಟ್ಟಿಲ್ಲ, ಹಣ ಬಿಡಿ ಅಂತ ಕೆಲವರು. ವ್ಯಾಪಾರದ ಲೆಕ್ಕದಲ್ಲಿ ಸರಿಯಾದ ಮಾತು. ನಾನೂ ಮೊದಲು ಅದೇ ಪಕ್ಷದಲ್ಲಿದ್ದೆ. ಆದರೆ ವರ್ಗಣಿ ಬೆಲೆಯಲ್ಲ. ಮಳೆ ಬಂದು ಆಟ ನಿಂತಿತು ಅಂತ ನಮ್ಮೂರಲ್ಲಿ ಯಾರೂ ವರ್ಗಣಿ ವಾಪಸ್ ಕೇಳುವುದಿಲ್ಲ. ಕೊಟ್ಟದ್ದು ಒಂದು ರಾತ್ರಿಯ ಆಟಕ್ಕಲ್ಲ, ಊರಿನಲ್ಲಿ ಆಟ ಅನ್ನುವುದೊಂದು ಇರಲಿ ಅಂತ. ಸಭೆಯಲ್ಲಿ ಈ ಸಲ ಐದೇ ನಿಮಿಷ ಮಾತಾಡಿದೆ. ಮುಚ್ಚಿದ್ದ ತಿಂಗಳ ವರ್ಗಣಿ ಕೊಡಬಲ್ಲವರು ಕೊಡಲಿ, ಕೆಲಸ ಹೋದವರಿಂದ ಕೇಳುವುದು ಬೇಡ, ಆ ಹಣದಿಂದ ಹುಡುಗನಿಗೆ ಮನೆ ಲೆಕ್ಕ ಬಿಟ್ಟು ತಿಂಗಳ ಸಂಬಳ ಮಾಡಿ ಅಂದೆ. ಎಲ್ಲರೂ ಒಪ್ಪಲಿಲ್ಲ, ಸಾಕಷ್ಟು ಜನ ಒಪ್ಪಿದರು. 2021ರ ಏಪ್ರಿಲ್‌ನಲ್ಲಿ ಎರಡನೆಯ ಅಲೆ ಬಂದು ಬಾಗಿಲು ಮತ್ತೆ ಮುಚ್ಚಿದಾಗ ಅವನು ಆರು ವಾರ ಮನೆಯಲ್ಲಿದ್ದ, ಸಂಬಳ ನಿಲ್ಲಲಿಲ್ಲ. ಆ ಆರು ವಾರ ನಾನು ಹೊಸ ಪುಸ್ತಕ ಓದಲಿಲ್ಲ. ಸಾಯಲೂ ಇಲ್ಲ.

ಇದರಿಂದ ಲೆಕ್ಕ ಚುಕ್ತಾ ಆಯಿತು ಅಂತ ನಾನು ಹೇಳಲಾರೆ. ನಮ್ಮ ಲೈಬ್ರರಿಯ ಒಬ್ಬ ಹುಡುಗನಿಗೆ ಆದದ್ದು ಹಾಲಿನವನಿಗೆ, ಪಾರ್ಸೆಲ್ ತರುವವನಿಗೆ ಆಗಲಿಲ್ಲ, ಅವರಿಂದೆಲ್ಲ ತರಿಸಿಕೊಂಡೇ ನಾನು ಬದುಕಿದೆ. ದೂರದ ಊರಿನಲ್ಲಿ ಬದುಕುವವನು ಮೊದಲಿಂದಲೂ ಇನ್ನೊಬ್ಬರ ಬೆನ್ನಿನ ಆಸರೆಯಲ್ಲೇ ಓದಿದವನು. ಆ ಬೆನ್ನಿಗೊಂದು ಮುಖ ಇದೆ ಅನ್ನುವುದು ತಿಳಿಯಲು ಇಷ್ಟು ದೊಡ್ಡ ರೋಗ ಬರಬೇಕಾಯಿತು.

ಅವನು ಈಗ ನವಿಮುಂಬಯಿಯಲ್ಲಿ ಬೇರೆ ಕೆಲಸದಲ್ಲಿದ್ದಾನೆ. ಅವನ ತಂಗಿ ಲೈಬ್ರರಿಯ ಸದಸ್ಯೆ. ಪುಸ್ತಕ ಬದಲಿಸಲು ನಾನೇ ನಡೆದು ಹೋಗುತ್ತೇನೆ, ಮೂರನೆಯ ಮಹಡಿಯ ಅಜ್ಜಿಯದೂ ಸೇರಿಸಿ ಒಯ್ಯುತ್ತೇನೆ. ಕಳೆದ ಸಲ ಆ ಹುಡುಗಿ ಕನ್ನಡದ ಕಪಾಟಿನ ಮುಂದೆ ನಿಂತು, “ಕಾಕಾ, ಇದು ‘ಅ’ ಅಲ್ರಿ?” ಅಂತ ಬೆರಳಿಟ್ಟು ತೋರಿಸಿದಳು. ಹೌದು ಅಂದೆ.