ತಾಳಿಕೆ, ಬಾಳಿಕೆ

ಒಂದು ವಸ್ತುವನ್ನು ಕೊಳ್ಳುವಾಗ ನಮ್ಮ ಹಿರಿಯರು ಮೊದಲು ಕೇಳುತ್ತಿದ್ದ ಪ್ರಶ್ನೆ ‘ಬಾಳಿಕೆ ಬಂದೀತೇ?’ ಎಂದು. ಕೊಡಪಾನವಿರಲಿ, ಚಾಪೆಯಿರಲಿ, ಸೀರೆಯಿರಲಿ, ಚಂದ ಆಮೇಲೆ, ಬಾಳಿಕೆ ಮೊದಲು. ಅದನ್ನೇ ‘ತಾಳಿಕೆ ಬಂದೀತೇ?’ ಎಂದೂ ಕೇಳುವುದುಂಟು. ಎರಡು ಮಾತೂ ಒಂದೇ ಅರ್ಥದಲ್ಲಿ ಬಳಕೆಯಾಗುತ್ತ ಬಂದು, ತಾಳುವುದೂ ಬಾಳುವುದೂ ಒಂದೇ ಎಂಬ ನಂಬಿಕೆ ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿದೆ. ‘ತಾಳಿದವನು ಬಾಳಿಯಾನು’ ಎಂಬ ಗಾದೆಯಂತೂ ಇದ್ದೇ ಇದೆ. ಗಾದೆಯಲ್ಲಿರುವುದು ‘ತಾಳಿದವನು’. ಆದರೆ ಅದನ್ನು ಹೆಚ್ಚಾಗಿ ಕೇಳಿಸಿಕೊಂಡವರು ಯಾರೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ತಾಳಿದ್ದೆಲ್ಲ ನಿಜಕ್ಕೂ ಬಾಳುತ್ತದೆಯೇ? ಈ ಪ್ರಶ್ನೆ ಬಹಳ ವರ್ಷಗಳಿಂದ ನನ್ನ ಮನಸ್ಸಿನಲ್ಲಿತ್ತು. ಅದಕ್ಕೆ ಒಂದಿಷ್ಟು ಉತ್ತರ ಸಿಕ್ಕಿದ್ದು ಸೈಕಲ್ಲಿನ ಚೌಕಟ್ಟಿನಿಂದ ಎಂದರೆ ನೀವು ನಗಬಹುದು.

ನನ್ನ ತಂಗಿಯ ಮಗಳಿಗೆ ಮಣಿಪಾಲದಲ್ಲಿ ಕೆಲಸ. ಭಾನುವಾರ ಬಂತೆಂದರೆ ಬೆಳಕು ಹರಿಯುವ ಮುಂಚೆ ಸೈಕಲ್ ಏರಿ ಗುಡ್ಡೆ ಹತ್ತುವ ಹುಚ್ಚು ಅವಳಿಗೆ. ಡಾಂಬರು ರಸ್ತೆ ಅವಳಿಗೆ ರುಚಿಸುವುದಿಲ್ಲ. ಮುರಕಲ್ಲಿನ ಪದವು, ಹಳೆಯ ಕಲ್ಲುಕೋರೆಯ ದಾರಿ, ಕಾರ್ಕಳದ ಕಡೆಯ ಬಂಡೆಗಳ ಇಳಿಜಾರು, ಬೇರು ತುಂಬಿದ ಗೇರುತೋಟದ ಕಾಲುದಾರಿ, ಇವೇ ಬೇಕು. ಮೂರು ವರ್ಷ ಒಂದು ಸಾಧಾರಣ ಸೈಕಲ್ಲಿನಲ್ಲಿ ಹೀಗೆಲ್ಲ ಓಡಾಡಿದಳು. ಕಳೆದ ಮಳೆಗಾಲ ಮುಗಿದ ಮೇಲೆ ಅದರ ಚೌಕಟ್ಟಿನಲ್ಲಿ, ಬೆಸುಗೆಯ ಪಕ್ಕ, ಕೂದಲೆಳೆಯಷ್ಟು ಸೀಳು ಕಂಡಿತು. ಅಂದಿನಿಂದ ಹೊಸದರ ಹುಡುಕಾಟ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಶಾಕ್ ಅಬ್ಸಾರ್ಬರ್ ಇರುವ, ಫುಲ್ ಸಸ್ಪೆನ್ಷನ್ ಎಂಬ ಜಾತಿಯದು. ಬೆಲೆ ಲಕ್ಷಗಳ ಲೆಕ್ಕದಲ್ಲಿ. ‘ಆ ದುಡ್ಡಿಗೆ ಚಿನ್ನವನ್ನಾದರೂ ಮಾಡಿಸಬಾರದೇ’ ಎಂದು ತಂಗಿ ನಿಟ್ಟುಸಿರು ಬಿಟ್ಟಳು. ಹುಡುಗಿಯ ಮದುವೆಯ ಮಾತೂ ಅದೇ ಹೊತ್ತಿಗೆ ನಡೆದಿತ್ತು. ಹಾಗಾಗಿ ಉದ್ಯಾವರದ ನಮ್ಮ ಜಗಲಿಯಲ್ಲಿ ಕೆಲವು ವಾರ ಎರಡು ವಿಚಾರಗಳು ಒಟ್ಟೊಟ್ಟಿಗೆ ಚರ್ಚೆಯಾದವು: ಅವಳಿಗೆ ಎಂಥ ಸೈಕಲ್ಲು, ಅವಳಿಗೆ ಎಂಥ ಮನೆ.

ಗುಡ್ಡದ ಸೈಕಲ್ಲಿನ ಹುಟ್ಟೇ ಮುರಿದ ಚೌಕಟ್ಟುಗಳಿಂದ ಎಂದು ಅವಳೇ ಹೇಳಿದಳು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮರಿನ್ ಎಂಬ ಕಡೆ, ೧೯೭೬ರ ಅಕ್ಟೋಬರ್ ೨೧ರಂದು ಕೆಲವು ತರುಣರು ಮಣ್ಣಿನ ಇಳಿಜಾರಿನಲ್ಲಿ ಪಂದ್ಯ ನಡೆಸಿದರು. ಅವರ ಕೈಲಿದ್ದುದು ದಪ್ಪ ಟಯರಿನ ಹಳೆಯ ಕಾಲದ ಸೈಕಲ್ಲುಗಳು. ಇಳಿಯುವಾಗ ಬ್ರೇಕಿನ ಒಳಗಿನ ಗ್ರೀಸು ಸುಟ್ಟುಹೋಗಿ, ಪ್ರತಿ ಸಲ ಹೊಸದಾಗಿ ತುಂಬಬೇಕಾಗುತ್ತಿದ್ದುದರಿಂದ ಆ ಪಂದ್ಯಕ್ಕೆ ‘ರೀಪ್ಯಾಕ್’ ಎಂದೇ ಹೆಸರಾಯಿತು. ಚೌಕಟ್ಟುಗಳೂ ಒಂದೊಂದಾಗಿ ಮುರಿದವು. ಜೋ ಬ್ರೀಜ್ ಎಂಬಾತ ೧೯೭೭ರಲ್ಲಿ ಇಂಥ ದಾರಿಗೆಂದೇ ಹೊಸ ಚೌಕಟ್ಟು ಕಟ್ಟಿದ. ಆ ಗುಂಪಿನ ಜೊತೆ ವೆಂಡಿ ಕ್ರ್ಯಾಗ್ ಎಂಬ ಹೆಂಗಸೂ ಸವಾರಿ ಮಾಡುತ್ತಿದ್ದಳು; ಆ ದಿನಗಳ ಬಹಳಷ್ಟು ಚಿತ್ರಗಳು ನಮಗಿಂದು ಸಿಗುವುದು ಅವಳ ಕ್ಯಾಮೆರಾದಿಂದ. ೧೯೯೬ರಲ್ಲಿ ಅಟ್ಲಾಂಟಾದ ಒಲಿಂಪಿಕ್ಸಿಗೆ ಈ ಆಟ ಸೇರಿದಾಗ ಹೆಂಗಸರ ಮೊದಲ ಚಿನ್ನ ಗೆದ್ದವಳು ಇಟಲಿಯ ಪಾವೊಲಾ ಪೆಜ್ಜೊ.

‘ಹಾಗಾದರೆ ಯಾವುದು ಗಟ್ಟಿ?’ ಎಂದು ಕೇಳಿದೆ. ‘ಗಟ್ಟಿ ಅಂದರೆ ಏನು ಅನ್ನುವುದೇ ಪ್ರಶ್ನೆ ದೊಡ್ಡಮ್ಮ’ ಎಂದಳು.

ಉಕ್ಕು ಇದೆ. ಭಾರ ಹೆಚ್ಚು. ಅತಿಯಾದರೆ ಬಾಗುತ್ತದೆ, ಬಾಗಿದ್ದು ಕಣ್ಣಿಗೆ ಕಾಣುತ್ತದೆ. ಒಂದು ಮಿತಿಯ ಒಳಗಿನ ಹೊಡೆತವಾದರೆ ಎಷ್ಟು ಸಲ ಬಿದ್ದರೂ ಅದಕ್ಕೆ ದಣಿವಿಲ್ಲ. ಆದರೆ ನಮ್ಮಂಥ ಕಡಲ ಬದಿಯ ಊರಿನಲ್ಲಿ ಕೊಳವೆಯ ಒಳಗಿನಿಂದ ತುಕ್ಕು ಹಿಡಿಯುವ ಭಯ. ಕಾರ್ಬನ್ ಇದೆ. ಹಗುರ, ಬಲವೂ ಬಹಳ. ಆದರೆ ಕಲ್ಲು ಬಡಿದರೆ ಮೇಲೆ ಗೀರು ಮಾತ್ರ ಕಂಡು ಒಳಗಿನ ಪದರ ಬಿಟ್ಟುಕೊಂಡಿರಬಹುದು; ತಿಳಿದವರು ಪರೀಕ್ಷಿಸಿಯೇ ನೋಡಬೇಕು. ಇನ್ನು ಅಲ್ಯೂಮಿನಿಯಂ. ಉಕ್ಕಿಗಿಂತ ಹಗುರ, ಕಾರ್ಬನ್ನಿಗಿಂತ ಅಗ್ಗ, ಕೆಂಪು ತುಕ್ಕು ಇಲ್ಲ. ಆದರೆ ಉಕ್ಕಿಗಿರುವ ಆ ಮಿತಿ ಇದಕ್ಕಿಲ್ಲ. ‘ಸಣ್ಣ ಹೊಡೆತವೂ ಲೆಕ್ಕಕ್ಕೆ ಸೇರುತ್ತದೆ ದೊಡ್ಡಮ್ಮ. ಒಂದೊಂದೂ ಒಳಗೆ ಜಮೆ ಆಗುತ್ತ ಹೋಗಿ, ಒಂದು ದಿನ ಏನೂ ದೊಡ್ಡದಾಗದಿದ್ದರೂ ಬೆಸುಗೆಯ ಬಳಿ ಬಿರುಕು ಬಿಡುತ್ತದೆ. ಅದಕ್ಕೇ ಮಾಡುವವರು ಕೊಳವೆಯನ್ನು ದಪ್ಪ ಮಾಡುತ್ತಾರೆ, ನಾವು ಆಗಾಗ ತೊಳೆದು ಕಣ್ಣಿಟ್ಟು ನೋಡಬೇಕು.’

ಈ ಮಾತಿಗೆ ನಾನು ಕೈಯಲ್ಲಿದ್ದ ಹರಿವೆ ಸೊಪ್ಪನ್ನು ಹಾಗೇ ಕೆಳಗಿಟ್ಟೆ. ನನ್ನ ಸೋದರತ್ತೆ ನೆನಪಾದಳು. ಹದಿನಾಲ್ಕು ಮಂದಿಯ ಕೂಡುಕುಟುಂಬಕ್ಕೆ ಬೆಳಗಿನಿಂದ ರಾತ್ರಿಯವರೆಗೆ ಬೇಯಿಸಿ ಹಾಕಿದವಳು. ಅವಳ ಮೇಲೆ ಯಾರೂ ಕೈಮಾಡಲಿಲ್ಲ, ಯಾರೂ ಉಪವಾಸ ಕೆಡವಲಿಲ್ಲ. ದೂರು ಹೇಳಲು ಒಂದು ದೊಡ್ಡ ಸಂಗತಿಯೂ ಇರಲಿಲ್ಲ. ಇದ್ದುದೆಲ್ಲ ಸಣ್ಣವು: ಸಾರಿಗೆ ಉಪ್ಪು ಹೆಚ್ಚಾಯಿತೆಂಬ ಮಾತು, ತವರಿಗೆ ಹೋಗುವ ದಿನ ತಪ್ಪಿಸಿದ್ದು, ಜ್ವರ ಬಂದ ದಿನವೂ ಒಲೆಯ ಮುಂದೆ ನಿಂತದ್ದು. ಮನೆಯವರೆಲ್ಲ ಅವಳನ್ನು ಉಕ್ಕು ಎಂದುಕೊಂಡರು. ಐವತ್ತೊಂದನೆಯ ವರ್ಷದಲ್ಲಿ, ವಿಶೇಷವೇನೂ ಇಲ್ಲದ ಒಂದು ಮುಂಜಾನೆ, ಕಡೆಯುವ ಕಲ್ಲಿನ ಪಕ್ಕದಲ್ಲಿ ಕುಸಿದಳು. ರಕ್ತದೊತ್ತಡ ಎಷ್ಟಿತ್ತೆಂದು ಅಲ್ಲಿಯವರೆಗೆ ಯಾರೂ ನೋಡಿಸಿರಲಿಲ್ಲ. ಬೊಜ್ಜದ ದಿನ ಬಂದವರೆಲ್ಲ ಹೇಳಿದ್ದು ಒಂದೇ ಮಾತು: ‘ಒಂದು ದಿನ ಎದುರಾಡಿದವಳಲ್ಲ.’ ಎದುರಾಡದೆ ಇದ್ದುದನ್ನೆಲ್ಲ ಅವಳ ಮೈ ಲೆಕ್ಕ ಇಟ್ಟಿತ್ತು.

ತಾಳಿದವಳು ಬಾಳಲಿಲ್ಲ. ಗಾದೆ ಸುಳ್ಳಾಯಿತೇ ಎಂದು ಅಂದು ಹುಟ್ಟಿದ ಪ್ರಶ್ನೆ ಇದು.

ಸೈಕಲ್ಲಿಗೆ ಮರಳೋಣ. ಯಾವ ಚೌಕಟ್ಟು ಎಷ್ಟು ಹೊಡೆತಕ್ಕೆ ತಕ್ಕದ್ದು ಎಂಬುದನ್ನು ಮಾಡುವವರು ಮೊದಲೇ ಹೇಳುತ್ತಾರಂತೆ. ಎಷ್ಟೋ ಕಂಪನಿಗಳು ಒಂದರಿಂದ ಐದರವರೆಗೆ ಅಂಕಿ ಕೊಡುತ್ತವೆ. ಒಂದು ಎಂದರೆ ಡಾಂಬರು ರಸ್ತೆಗೆ ಮಾತ್ರ. ಮೂರು ಎಂದರೆ ಕಾಡುದಾರಿ, ೬೧ ಸೆಂಟಿಮೀಟರ್ ಎತ್ತರದಿಂದ ಹಾರುವವರೆಗೆ. ನಾಲ್ಕು ಎಂದರೆ ಕಲ್ಲುಬಂಡೆಯ ಒರಟು ದಾರಿ, ೧೨೨ ಸೆಂಟಿಮೀಟರ್‌ವರೆಗೆ. ಅಂತರರಾಷ್ಟ್ರೀಯ ಮಾನಕವೊಂದರ ಪ್ರಕಾರ ಪೆಡಲಿನ ಮೇಲೆ ೧,೦೦,೦೦೦ ಸಲ ಭಾರ ಹಾಕಿ ಚೌಕಟ್ಟನ್ನು ಪರೀಕ್ಷಿಸುತ್ತಾರೆ. ಇವಳ ದಾರಿಗಳಿಗೆ ನಾಲ್ಕನೆಯ ವರ್ಗವೇ ಬೇಕು. ನೋಡಲು ಹಾಗೇ ಇದ್ದರೂ ಎರಡನೆಯ ವರ್ಗದ್ದನ್ನು ಕೊಂಡು ಬಂಡೆ ಇಳಿಸಿದರೆ ತಪ್ಪು ಚೌಕಟ್ಟಿನದಲ್ಲ. ಒಂದು ಸೈಕಲ್ಲಿಗೆ ಇಷ್ಟು ಲೆಕ್ಕ ಇಡುವ ಲೋಕದಲ್ಲಿ, ಹೊಸದಾಗಿ ಬಂದ ಸೊಸೆಗೆ ಎಷ್ಟು ಭಾರ ಎಂದು ಕೇಳಿದವರು ಎಷ್ಟು ಜನ? ಅವಳು ತಾಳುತ್ತಾಳೆ ಎಂದು ಮೊದಲೇ ತೀರ್ಮಾನವಾಗಿರುತ್ತದೆ, ತಾಳದಿದ್ದರೆ ತವರಿನವರು ಸರಿಯಾಗಿ ಬೆಳೆಸಲಿಲ್ಲ ಎಂಬ ಷರಾ ಬೀಳುತ್ತದೆ.

ನಮ್ಮ ಕಾಲದ ‘ಲೇಡೀಸ್ ಸೈಕಲ್’ ನಿಮಗೆ ನೆನಪಿರಬಹುದು. ಗಂಡಸರ ಸೈಕಲ್ಲಿನ ಬಲವೆಲ್ಲ ಅದರ ತ್ರಿಕೋನದಲ್ಲಿದೆ. ಮೂರು ಕೊಳವೆಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಲಂಗ ಸೀರೆಗೆ ಅಡ್ಡಿಯಾಗಬಾರದೆಂದು ಹೆಂಗಸರ ಸೈಕಲ್ಲಿನಲ್ಲಿ ಮೇಲಿನ ಕೊಳವೆಯನ್ನು ಕೆಳಗಿಳಿಸಿದರು. ತ್ರಿಕೋನ ತೆರೆದುಕೊಂಡಿತು, ಅಷ್ಟರಮಟ್ಟಿಗೆ ಬಲ ಕುಗ್ಗಿತು, ಅದನ್ನು ತುಂಬಿಕೊಡಲು ಕಬ್ಬಿಣ ದಪ್ಪವಾಗಬೇಕಾಯಿತು. ಮರ್ಯಾದೆಗಾಗಿ ಹಿಡಿತ ಬಿಡಿಸಿ, ಆಮೇಲೆ ಭಾರ ಹೊರಿಸಿದ ಹಾಗೆ. ಆದರೂ ಆ ಸೈಕಲ್ಲು ಎಷ್ಟೋ ಹುಡುಗಿಯರನ್ನು ಹೈಸ್ಕೂಲು ಮುಟ್ಟಿಸಿತು ಎಂಬುದೂ ನಿಜ. ೨೦೦೬-೦೭ರಿಂದ ನಮ್ಮ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ತೊಡಗಿದಾಗ ಹಳ್ಳಿಯ ರಸ್ತೆಗಳಲ್ಲಿ ಜಡೆ ಹಾರಿಸಿಕೊಂಡು ಹೋಗುವ ಸಾಲುಗಳನ್ನು ನೀವೂ ನೋಡಿದ್ದೀರಿ.

ಇವಳ ಹೊಸ ಸೈಕಲ್ಲಿನ ಗುಟ್ಟು ಬೇರೆ. ಚೌಕಟ್ಟು ಒಂದೇ ತುಂಡಲ್ಲ. ಮುಂದಿನ ಭಾಗಕ್ಕೆ ಹಿಂದಿನ ಭಾಗವನ್ನು ಕೀಲುಗಳಿಂದ ಜೋಡಿಸಿ, ನಡುವೆ ಶಾಕ್ ಅಬ್ಸಾರ್ಬರ್ ಇಟ್ಟಿರುತ್ತಾರೆ. ಅದರಲ್ಲಿ ಎರಡು ಕೆಲಸಗಾರರು. ಸ್ಪ್ರಿಂಗು ಹೊಡೆತವನ್ನು ಹಿಡಿದಿಟ್ಟುಕೊಂಡು ವಾಪಸು ಕೊಡುತ್ತದೆ. ಅದೊಂದೇ ಇದ್ದರೆ ಸವಾರಳನ್ನು ಎತ್ತಿ ಎಸೆದೀತು. ಅದಕ್ಕೆ ಡ್ಯಾಂಪರ್ ಎಂಬುದಿದೆ. ಎಣ್ಣೆಯನ್ನು ಸಣ್ಣ ರಂಧ್ರಗಳಲ್ಲಿ ಹಾಯಿಸಿ ಆ ಹೊಡೆತವನ್ನು ಬಿಸಿಯಾಗಿ ಕರಗಿಸಿಬಿಡುತ್ತದೆ. ಕಚೇರಿಯಲ್ಲಿ ಬೈಸಿಕೊಂಡು ಬಂದು ಮನೆಯಲ್ಲಿ ತಟ್ಟೆ ಎಸೆಯುವವರು ಬರೀ ಸ್ಪ್ರಿಂಗು. ಆ ಬಿಸಿಯನ್ನೆಲ್ಲ ನುಂಗಿ ಕರಗಿಸುವವಳು ಯಾರೆಂದರೆ, ಹೇಳುವುದೇನು. ಆದರೆ ಡ್ಯಾಂಪರಿಗೂ ಒಂದು ಕಟ್ಟಳೆಯಿದೆ: ಇಂತಿಷ್ಟು ಗಂಟೆ ಸವಾರಿಯಾದ ಮೇಲೆ ಬಿಚ್ಚಿ, ಎಣ್ಣೆ ಬದಲಿಸಿ, ಸೀಲು ಹಾಕಿ ಕೊಡಬೇಕು. ಕೆಲವು ಶಾಕುಗಳಿಗೆ ಸಣ್ಣ ಸರ್ವಿಸು ೫೦ ಗಂಟೆಗೇ. ಕೀಲುಗಳ ಬೇರಿಂಗುಗಳಿಗೆ ನಮ್ಮ ಮಳೆಗಾಲದ ಕೆಂಪು ರಾಡಿ ಸೇರಿದರೆ ಅವೂ ಬದಲಾಗಬೇಕು. ಚೌಕಟ್ಟು ಆರಿಸುವಾಗ ಅವಳು ಮೊದಲು ವಿಚಾರಿಸಿದ್ದು ಬಣ್ಣವನ್ನಲ್ಲ, ಆ ಬೇರಿಂಗು ಸಾಮಾನ್ಯ ಅಳತೆಯದೇ, ನಾಳೆ ಉಡುಪಿಯ ಅಂಗಡಿಯಲ್ಲಿ ಸಿಕ್ಕೀತೇ ಎಂದು.

ಕೊನೆಗೆ ಒಂದು ಪುಟ್ಟ ತುಂಡನ್ನು ತೋರಿಸಿದಳು. ಕಿರುಬೆರಳಿನಷ್ಟು ಅಲ್ಯೂಮಿನಿಯಂ. ಹಿಂದಿನ ಗೇರನ್ನು ಚೌಕಟ್ಟಿಗೆ ಹಿಡಿಸುವ ಹ್ಯಾಂಗರ್ ಅದು. ಬೇಕೆಂದೇ ಮೆತ್ತಗೆ ಮಾಡಿರುತ್ತಾರೆ. ಬಂಡೆಗೆ ಬಡಿದಾಗ ಅದು ಮುರಿದು, ಚೌಕಟ್ಟು ಉಳಿಯಬೇಕು. ನಮ್ಮ ಕುಕ್ಕರಿನ ಸೇಫ್ಟಿ ವಾಲ್ವ್ ಇದೇ ಕೆಲಸ ಮಾಡುವುದಲ್ಲವೇ? ಮಲ್ಪೆಯ ಕಡೆ ಹೋದರೆ ಇನ್ನೂ ದೊಡ್ಡ ಉದಾಹರಣೆ ಇದೆ. ಉಪ್ಪುನೀರಿನಲ್ಲಿರುವ ಉಕ್ಕಿನ ಬೋಟುಗಳ ಅಡಿಗೆ ಸತುವಿನ ತುಂಡುಗಳನ್ನು ಕೂರಿಸುತ್ತಾರೆ. ಸಮುದ್ರ ಮೊದಲು ಸತುವನ್ನು ತಿನ್ನುತ್ತದೆ, ಉಕ್ಕು ಉಳಿಯುತ್ತದೆ.

ಪ್ರತಿ ಮನೆಯಲ್ಲೂ ಇಂಥ ಒಂದು ತುಂಡು ಇರುತ್ತದೆ. ಮನೆ ಒಡೆಯಬಾರದೆಂದು ತಾನು ಸವೆಯುವ ಜೀವ. ಅದನ್ನು ತ್ಯಾಗವೆಂದು ನಾವು ಪೂಜಿಸುತ್ತೇವೆ. ತ್ಯಾಗ ದೊಡ್ಡದಲ್ಲ ಎಂದು ನಾನು ಹೇಳಲಾರೆ. ಎಲ್ಲರೂ ತಮ್ಮ ತಮ್ಮ ಅಂಚನ್ನು ಚೂಪಾಗಿಟ್ಟುಕೊಂಡರೆ ಸಂಸಾರವಿಲ್ಲ. ಒಂದೇ ಮಾತಿಗೆ ಮುರಿದು ಬೀಳುವುದನ್ನು ಸ್ವಾತಂತ್ರ್ಯ ಎನ್ನಲೂ ನನಗೆ ಮನಸ್ಸಿಲ್ಲ. ಈ ಹುಡುಗಿಯೇ ನೋಡಿ, ಹೊಡೆತ ಬೇಡವೆಂದಿದ್ದರೆ ನುಣ್ಣನೆಯ ರಸ್ತೆಯಲ್ಲಿ ಹೋಗಬಹುದಿತ್ತು. ಅವಳಾಗಿ ಕಲ್ಲುದಾರಿಯನ್ನು ಆರಿಸಿಕೊಂಡಿದ್ದಾಳೆ. ತಾಳುವುದು ಕೀಳಲ್ಲ. ಆದರೆ ಹ್ಯಾಂಗರು ಮುರಿದರೆ ಚೀಲದಿಂದ ಇನ್ನೊಂದನ್ನು ತೆಗೆದು ಸಿಕ್ಕಿಸಬಹುದು. ಸತು ಸವೆದರೆ ಹೊಸ ಸತು ಬರುತ್ತದೆ. ಮನುಷ್ಯಳೊಬ್ಬಳನ್ನು ಆ ಜಾಗದಲ್ಲಿ ಇಟ್ಟಾಗ, ಅವಳಿಗೂ ಒಂದು ಬದಲಿ ಇದೆ ಎಂದು ನಾವು ಒಪ್ಪಿಕೊಂಡ ಹಾಗಾಯಿತು. ಅನ್ಯಾಯ ಇರುವುದು ಅಲ್ಲಿ. ಸೋದರತ್ತೆ ಹೋದ ಮೇಲೆ ಮನೆಗೆ ಅಡುಗೆಯವರನ್ನು ನೇಮಿಸಿದರು. ಮನೆ ನಡೆಯಿತು.

ಮತ್ತೂ ಒಂದು ಸಂಗತಿ. ಜೂನ್ ಜುಲೈ ತಿಂಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು ಬೋಟುಗಳೆಲ್ಲ ವಿಶ್ರಾಂತಿಗೆ ನಿಲ್ಲುತ್ತವೆ. ರಿಪೇರಿ, ಬಣ್ಣ, ಸತುವಿನ ತಪಾಸಣೆ ಎಲ್ಲದಕ್ಕೂ ಅದೇ ಹೊತ್ತು. ವರ್ಷಕ್ಕೊಮ್ಮೆಯಾದರೂ ಸತುವಿನ ಮುಖ ನೋಡುವವರಿದ್ದಾರೆ ಎಂದಾಯಿತು.

ನಮ್ಮ ಊರಿನ ಶಂಭುಕಲ್ಲು ದೇವಸ್ಥಾನದಲ್ಲಿ ಆಳುಪ ಅರಸರ ಕಾಲದ ಶಾಸನಗಳಿವೆ. ಉದ್ಯಾವರ ಅವರ ರಾಜಧಾನಿಯಾಗಿದ್ದಾಗ ಇಲ್ಲಿ ಕಾದಾಡಿ ಸತ್ತವರ ನೆನಪಿನ ಕಲ್ಲುಗಳು, ಸುಮಾರು ೧,೨೦೦ ವರ್ಷ ಹಳೆಯವು. ಅಷ್ಟು ಮಳೆ, ಅಷ್ಟು ಬಿಸಿಲು ತಾಳಿ ನಿಂತಿವೆ. ಆದರೆ ಕಲ್ಲು ಬಾಳಿತು ಎಂದು ಯಾರೂ ಹೇಳುವುದಿಲ್ಲ, ಉಳಿಯಿತು ಎನ್ನುತ್ತಾರೆ. ಭಾಷೆಗೆ ಈ ವ್ಯತ್ಯಾಸ ಗೊತ್ತಿದೆ. ಬಾಳಿಕೆ ಎಂಬುದು ಬಳಕೆಯಾಗುತ್ತ, ಸವೆಯುತ್ತ, ಸವೆದದ್ದನ್ನು ಯಾರೋ ಗಮನಿಸಿ ಸರಿಪಡಿಸುತ್ತ ಇರುವುದಕ್ಕೆ ಹೇಳುವ ಮಾತು. ಅದು ಒಬ್ಬರಿಂದ ಆಗುವಂಥದಲ್ಲ. ತಾಳುವವಳು ಒಬ್ಬಳಿದ್ದರೆ ಸಾಲದು. ಎಷ್ಟು ತಾಳಿದಳೆಂದು ಲೆಕ್ಕ ಇಡುವ ಇನ್ನೊಬ್ಬರು ಬೇಕು.

ಹುಡುಗಿ ಕೊನೆಗೆ ಕೊಂಡದ್ದು ಅಲ್ಯೂಮಿನಿಯಂ ಚೌಕಟ್ಟನ್ನೇ, ಹಿಂದಿನ ಚಕ್ರ ೧೪೦ ಮಿಲಿಮೀಟರ್ ಆಡುವಂಥದು, ನಾಲ್ಕನೆಯ ವರ್ಗದ್ದು. ಅತ್ಯಂತ ಹಗುರವಾದದ್ದಲ್ಲ, ಅತ್ಯಂತ ದುಬಾರಿಯದೂ ಅಲ್ಲ. ಎಷ್ಟು ಗಂಟೆ ಓಡಿತೆಂದು ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಾಳೆ. ಮದುವೆಯ ಮಾತಿಗೆ ಒಂದು ಮನೆಯವರು ಬಂದಿದ್ದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: ‘ನಿಮ್ಮ ಮನೆಯಲ್ಲಿ ಅಮ್ಮನಿಗೆ ಜ್ವರ ಬಂದರೆ ಅಡುಗೆ ಯಾರು ಮಾಡುತ್ತೀರಿ?’ ತಂಗಿ ನನ್ನ ಮುಖ ನೋಡಿದಳು. ಹುಡುಗನ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದನ್ನು ಈವರೆಗೆ ನನ್ನ ಬಳಿ ಯಾರೂ ಕೇಳಿರಲಿಲ್ಲ’ ಎಂದರು. ಮಾತುಕತೆ ಇನ್ನೂ ನಡೆದಿದೆ. ಏನಾಗುತ್ತದೋ ಕಾಣೆ. ಆದರೆ ಆ ಪ್ರಶ್ನೆಯನ್ನು ಕೇಳಲು ಮದುವೆಯ ಮಾತಿನವರೆಗೆ ಕಾಯಬೇಕಾಗಿಲ್ಲ. ಇವತ್ತು ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ನಿಮ್ಮ ಮನೆಯಲ್ಲೇ ಕೇಳಬಹುದು.