ಕೆಟ್ಟ ಗ್ರಾಮೊಫೋನು ಮತ್ತು ಜೈಮಿನಿಯ ನಿಯಮ

ಹಳೆಯ ರೆಕಾರ್ಡ್ ಪ್ಲೇಯರ್ ಕೆಟ್ಟು ನಿಂತರೆ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ರಿಪೇರಿ ಮಾಡಿಸೋಣ ಎಂದು ಒಬ್ಬರು, ಗುಜರಿಗೆ ಹಾಕಿ ಹೊಸದು ತರೋಣ ಎಂದು ಇನ್ನೊಬ್ಬರು. ಕೊನೆಗೆ ಖರ್ಚಿನ ಲೆಕ್ಕವೋ ಹಿರಿಯರ ನೆನಪೋ ಗೆಲ್ಲುತ್ತದೆ. ಎರಡೂ ಸಣ್ಣ ಮಾತಲ್ಲ, ಆದರೂ ಎರಡೂ ತಪ್ಪು ಜಾಗದಿಂದ ಹೊರಡುತ್ತವೆ ಎಂದು ನನಗೆ ಅನಿಸುತ್ತದೆ. ಒಂದು ಪಕ್ಷ ಯಂತ್ರದ ಬೆಲೆ ನೋಡುತ್ತದೆ, ಇನ್ನೊಂದು ಯಂತ್ರದ ಮೇಲಿನ ಮಮತೆ ನೋಡುತ್ತದೆ. ಯಂತ್ರ ಯಾವುದಕ್ಕಾಗಿ ಇದೆಯೋ ಅದನ್ನು ಇಬ್ಬರೂ ಕೇಳುವುದಿಲ್ಲ. ಹಳತಾದದ್ದನ್ನು ಯಾವಾಗ ಸರಿಪಡಿಸಬೇಕು, ಯಾವಾಗ ಬದಲಾಯಿಸಬೇಕು ಎಂಬ ಪ್ರಶ್ನೆ ನಮ್ಮಲ್ಲಿ ಹೊಸದೇನಲ್ಲ. ಯಜ್ಞದ ದ್ರವ್ಯದ ಬಗ್ಗೆ, ಗುಡಿಯ ವಿಗ್ರಹದ ಬಗ್ಗೆ ಇದೇ ಪ್ರಶ್ನೆಯನ್ನು ಶತಮಾನಗಳ ಕಾಲ ಚರ್ಚಿಸಿದ್ದಾರೆ. ಆ ಚರ್ಚೆಯ ಫಲ ಹುಬ್ಬಳ್ಳಿ-ಧಾರವಾಡದ ಮನೆಗಳ ಅಟ್ಟದ ಮೇಲಿರುವ ಪೆಟ್ಟಿಗೆಗೂ ಸಲ್ಲುತ್ತದೆ.

ಈ ಅವಳಿ ನಗರವನ್ನು ಹೆಸರಿಸಲು ಕಾರಣವಿದೆ. ಇಲ್ಲಿಯ ಹಿಂದುಸ್ತಾನಿ ಸಂಗೀತದ ಚರಿತ್ರೆಯಲ್ಲಿ ಗುರುವಿನ ಮನೆಯಷ್ಟೇ ಗ್ರಾಮೊಫೋನಿಗೂ ಪಾಲಿದೆ. ಗಂಗೂಬಾಯಿ ಹಾನಗಲ್ಲರು ಚಿಕ್ಕಂದಿನಲ್ಲಿ ಗ್ರಾಮೊಫೋನಿನ ಹಾಡು ಕೇಳಲು ಬೀದಿಗೆ ಓಡುತ್ತಿದ್ದರು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ರೆಕಾರ್ಡು ಕೇಳಿದ ಹುಡುಗ ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ತಟ್ಟೆಯ ಮೂರು ನಿಮಿಷದ ಒಂದು ಮುಖ ಒಂದು ಬದುಕಿನ ದಿಕ್ಕು ತಿರುಗಿಸಿತು. ಗಂಗೂಬಾಯಿಯವರ ಮೊದಲ ರೆಕಾರ್ಡುಗಳನ್ನು ಎಚ್‌ಎಂವಿ 1930ರ ದಶಕದ ಆರಂಭದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ತಂದಿತು. ಮುಂದೆ ಗಂಟಲಿನ ಚಿಕಿತ್ಸೆಯ ನಂತರ ಅವರ ಕಂಠ ಬದಲಾಯಿತು. ನಾವೆಲ್ಲ ಬಲ್ಲ ಆ ಗಂಭೀರ, ಗಂಡುದನಿಯಂಥ ಸ್ವರ ಆಮೇಲಿನದು. ಅದಕ್ಕೂ ಮೊದಲಿನ ತೆಳುವಾದ ಹೆಣ್ಣುದನಿ ಈಗ ಆ ಅರಗಿನ ತಟ್ಟೆಗಳ ಗೀರುಗಳಲ್ಲಿ ಮಾತ್ರ ಇದೆ. ಆ ಕಂಠ ಅವರಲ್ಲೂ ಉಳಿಯಲಿಲ್ಲ. ಇನ್ನೊಮ್ಮೆ ಹಾಡಿಸಿ ಅದನ್ನು ಪಡೆಯುವ ದಾರಿ ಅವರ ಜೀವಿತಕಾಲದಲ್ಲೇ ಮುಚ್ಚಿಹೋಗಿತ್ತು.

ಈಗ ಆ ಹಳೆಯ ಚರ್ಚೆಗೆ ಬರೋಣ. ಯಜ್ಞವಿಧಿಗಳನ್ನು ವಿಚಾರಿಸುವ ಜೈಮಿನಿಯ ಮೀಮಾಂಸಾ ಸೂತ್ರಗಳ ಮೂರನೆಯ ಅಧ್ಯಾಯ ಶೇಷವನ್ನು ವಿಚಾರಿಸುತ್ತದೆ. ತನಗಾಗಿ ಇರದೆ ಇನ್ನೊಂದಕ್ಕಾಗಿ ಇರುವುದು ಶೇಷ. ಅದು ಯಾವುದಕ್ಕಾಗಿ ಇದೆಯೋ ಅದು ಶೇಷಿ. ಇದನ್ನೇ ಮುಂದೆ ರಾಮಾನುಜರು ಜೀವ ಮತ್ತು ಈಶ್ವರರ ಸಂಬಂಧ ಹೇಳಲು ಬಳಸಿಕೊಂಡರು. ಆರನೆಯ ಅಧ್ಯಾಯದಲ್ಲಿ ಪ್ರತಿನಿಧಿಯ, ಅಂದರೆ ಬದಲಿಯ, ವಿಚಾರ ಬರುತ್ತದೆ. ಯಜ್ಞಕ್ಕೆ ಹೇಳಿದ ಭತ್ತ ಸಿಗದಿದ್ದರೆ ಅದನ್ನು ಹೋಲುವ ನೀವಾರವೆಂಬ ಕಾಡುಭತ್ತ ಬಳಸಬಹುದು, ಸೋಮ ಸಿಗದಿದ್ದರೆ ಪೂತೀಕ ಬಳಸಬಹುದು. ಆದರೆ ದೇವತೆಗೆ ಪ್ರತಿನಿಧಿ ಇಲ್ಲ, ವಿಹಿತವಾದ ಅಗ್ನಿಗೆ ಇಲ್ಲ, ಮಂತ್ರಕ್ಕೆ ಇಲ್ಲ, ಕ್ರಿಯೆಗೆ ಇಲ್ಲ. ದ್ರವ್ಯ ಬದಲಾಗಬಹುದು, ಶಬ್ದ ಬದಲಾಗಕೂಡದು. ಈ ನಿಯಮದ ಹಿಂದಿರುವ ವಿವೇಕ ಯಜ್ಞಶಾಲೆಗೆ ಸೀಮಿತವಲ್ಲ ಎಂಬುದೇ ನನ್ನ ವಾದ. ಪ್ಲೇಯರ್ ದ್ರವ್ಯ, ತಟ್ಟೆಯ ಗೀರಿನಲ್ಲಿರುವ ಹಾಡು ಶಬ್ದ. ಯಂತ್ರವನ್ನು ಉಳಿಸಬೇಕೋ ಬಿಡಬೇಕೋ ಎಂಬುದನ್ನು ಗೀರಿನ ಕ್ಷೇಮ ತೀರ್ಮಾನಿಸಬೇಕು. ಹಳೆಯ ಚಾವಿ ಗ್ರಾಮೊಫೋನನ್ನು ರೂಪಿಸಿದವರಿಗೆ ಇದು ಗೊತ್ತಿತ್ತು. ನಿಮಿಷಕ್ಕೆ 78 ಸುತ್ತು ತಿರುಗುವ ಆ ಕಾಲದ ತಟ್ಟೆಯಲ್ಲಿ ಅರಗಿನ ಜೊತೆ ನುಣ್ಣನೆಯ ಕಲ್ಲಿನ ಪುಡಿ ಬೆರೆಸುತ್ತಿದ್ದರು. ಉಕ್ಕಿನ ಸೂಜಿ ಮೊದಲ ಕೆಲವು ಸುತ್ತುಗಳಲ್ಲೇ ಆ ಪುಡಿಗೆ ಸವೆದು ಗೀರಿನ ಆಕಾರಕ್ಕೆ ಹೊಂದಿಕೊಳ್ಳುತ್ತಿತ್ತು. ಸೂಜಿ ಸವೆಯಲಿ, ತಟ್ಟೆ ಉಳಿಯಲಿ ಎಂಬುದೇ ಅಲ್ಲಿಯ ಲೆಕ್ಕ. ಅದಕ್ಕಾಗಿಯೇ ಒಂದು ಮುಖ ಮುಗಿದ ಕೂಡಲೇ ಸೂಜಿ ತೆಗೆದು ಬಿಸಾಡಿ ಹೊಸದು ಹಾಕಬೇಕಿತ್ತು. ಉಳಿತಾಯಕ್ಕೆಂದು ಒಂದೇ ಸೂಜಿಯಲ್ಲಿ ಹತ್ತು ಮುಖ ನುಡಿಸಿದ ಮನೆಗಳ ತಟ್ಟೆಗಳು ಇಂದು ಬೂದುಬಣ್ಣಕ್ಕೆ ತಿರುಗಿ ಬರೀ ಸರಸರ ಸದ್ದು ಮಾಡುತ್ತವೆ.

ಹೀಗೆ ನೋಡಿದರೆ ರಿಪೇರಿಯ ಪ್ರಶ್ನೆ ಸ್ಪಷ್ಟವಾಗುತ್ತದೆ. ಚಾವಿ ಯಂತ್ರದ ಪೆಟ್ಟಿಗೆ ತೆರೆದರೆ ಗವರ್ನರ್ ಕಾಣುತ್ತದೆ: ತಿರುಗುವ ಅಚ್ಚಿನ ಸುತ್ತ ತೆಳುವಾದ ಪಟ್ಟಿಗಳಿಗೆ ಕಟ್ಟಿದ ಮೂರು ಪುಟ್ಟ ಗುಂಡುಗಳು. ವೇಗ ಹೆಚ್ಚಿದಂತೆ ಅವು ಹೊರಕ್ಕೆ ಹಾರಿ ಒಂದು ಬಿಲ್ಲೆಯನ್ನು ಎಳೆದುಕೊಳ್ಳುತ್ತವೆ, ಆ ಬಿಲ್ಲೆ ಎಣ್ಣೆ ಸವರಿದ ಚರ್ಮದ ತುಂಡಿಗೆ ಉಜ್ಜಿ ವೇಗ ತಗ್ಗುತ್ತದೆ. ಆ ಚರ್ಮ ಒಣಗಿ ಗಟ್ಟಿಯಾದರೆ ವೇಗ ಹದ ತಪ್ಪುತ್ತದೆ. ನಿಮಿಷಕ್ಕೆ 78 ಸುತ್ತಿನ ಬದಲು 80 ಸುತ್ತಿದರೆ ಶ್ರುತಿ ಒಂದು ಅರ್ಧಸ್ವರಾಂತರದ ಹೆಚ್ಚುಕಡಿಮೆ ಅರ್ಧದಷ್ಟು ಏರುತ್ತದೆ. ಸ್ವರವೊಂದನ್ನು ಅದರ ನೆಲೆಯಲ್ಲಿ ನಿಲ್ಲಿಸುವುದಕ್ಕೇ ಹೆಸರಾದ ಕಿರಾಣಾ ಘರಾಣೆಯ ಹಾಡಿಗೆ, ಅದೂ ವೇಗ ಓಲಾಡುತ್ತ ಹೀಗಾದರೆ, ಅದು ಸಣ್ಣ ತಪ್ಪಲ್ಲ. ಆದರೆ ಇದರ ಮದ್ದು ಒಂದು ಚೂರು ಚರ್ಮ, ನಾಲ್ಕು ಹನಿ ಎಣ್ಣೆ. ವಿದ್ಯುತ್ ಪ್ಲೇಯರುಗಳಲ್ಲೂ ಇದೇ ಕಥೆ: ರಬ್ಬರಿನ ಗಾಲಿ ಗಟ್ಟಿಯಾಗಿರುತ್ತದೆ, ಬೆಲ್ಟು ಸಡಿಲಾಗಿರುತ್ತದೆ, ಗ್ರೀಸು ಮೇಣವಾಗಿರುತ್ತದೆ. ಇವೆಲ್ಲ ಕೈಯಲ್ಲಿ ಆಗುವ ಕೆಲಸ, ಬಲ್ಲ ಮೆಕ್ಯಾನಿಕ್ಕಿಗೆ ಒಂದು ಕಾಯಕ. ಬದಲಿಗೆ ಅಗ್ಗದ ಹೊಸ ಪ್ಲೇಯರ್ ತಂದರೇನಾಗುತ್ತದೆ? ಮೂರು ವೇಗ ಇದೆ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ, ಸೂಜಿ ಒಂದೇ ಇರುತ್ತದೆ. 78ರ ಅಗಲ ಗೀರಿಗೆ ಬೇಕಾದ ಮೊನೆ ಆಮೇಲೆ ಬಂದ ಎಲ್‌ಪಿ ತಟ್ಟೆಯ ಮೊನೆಗಿಂತ ಸುಮಾರು ಮೂರು ಪಟ್ಟು ದಪ್ಪ. ಎಲ್‌ಪಿ ಸೂಜಿ ಅಲ್ಲಿ ಗೀರಿನ ತಳಕ್ಕೆ ಇಳಿದು ಕಸ ಕೆದಕುತ್ತದೆ. ಇನ್ನು ಎಲ್‌ಪಿಯನ್ನು ಚಾವಿ ಗ್ರಾಮೊಫೋನಿನ ಮೇಲೆ ಇಟ್ಟರೆ ನೂರು ಗ್ರಾಂ ಮೀರಿದ ಭಾರಕ್ಕೆ ಒಂದೇ ಸಲಕ್ಕೆ ಹಾಳು. ಹಳೆಯದು ಒಳ್ಳೆಯದೂ ಅಲ್ಲ, ಹೊಸದು ಒಳ್ಳೆಯದೂ ಅಲ್ಲ. ಯಾವ ತಟ್ಟೆಗೆ ಯಾವುದು ಎಂದು ಕೇಳಬೇಕು.

ಇದಕ್ಕೆ ಮೊದಲ ಆಕ್ಷೇಪ ಗೀತೆಯಿಂದ ಬರುತ್ತದೆ. ಹರಿದ ಬಟ್ಟೆ ಬಿಟ್ಟು ಹೊಸದು ಉಡುವಂತೆ ಆತ್ಮ ದೇಹ ಬದಲಿಸುತ್ತದೆ ಎಂದು ಎರಡನೆಯ ಅಧ್ಯಾಯ ಹೇಳುವಾಗ, ಒಂದು ಪೆಟ್ಟಿಗೆಯ ರಿಪೇರಿಗೆ ಇಷ್ಟು ತಲೆ ಕೆಡಿಸಿಕೊಳ್ಳುವುದೇಕೆ? ಹೊಸದು ತಂದರಾಯಿತು. ಈ ಆಕ್ಷೇಪಕ್ಕೆ ಬಲವಿದೆ, ಅದಕ್ಕೆ ಸಾಕ್ಷಿ ರಾಯಾಪುರದಲ್ಲೇ ಇದೆ. ಹುಬ್ಬಳ್ಳಿ-ಧಾರವಾಡ ರಸ್ತೆಯ ನಡುವಿನ ಈ ಊರಿನಲ್ಲಿ ಇಸ್ಕಾನ್ ಮಂದಿರವಿದೆ. ಆ ಪಂಥದ ಕೀರ್ತನೆ ಜಗತ್ತಿನ ಮನೆಗಳಿಗೆ ಹರಡಿದ್ದೇ ರೆಕಾರ್ಡಿನ ಮೂಲಕ: ಇಂಗ್ಲಿಷ್ ಗಾಯಕ ಜಾರ್ಜ್ ಹ್ಯಾರಿಸನ್ 1969ರಲ್ಲಿ ಲಂಡನ್ನಿನ ರಾಧಾಕೃಷ್ಣ ಮಂದಿರದ ಭಕ್ತರಿಂದ ಹಾಡಿಸಿ ತಂದ ಹರೇ ಕೃಷ್ಣ ಮಂತ್ರದ ಪುಟ್ಟ ತಟ್ಟೆ, ಮರುವರ್ಷ ಯಮುನಾ ದೇವಿಯವರು ಹಾಡಿದ ‘ಗೋವಿಂದ’. ಆ ಎರಡನೆಯ ಧ್ವನಿಮುದ್ರಣ ಇಂದಿಗೂ ಇಸ್ಕಾನ್ ಮಂದಿರಗಳಲ್ಲಿ ಬೆಳಗಿನ ದರ್ಶನದ ಹಾಡು. ತಟ್ಟೆ ಹೋಯಿತು, ಕ್ಯಾಸೆಟ್ ಬಂತು, ಅದೂ ಹೋಯಿತು, ದರ್ಶನ ನಿಲ್ಲಲಿಲ್ಲ. ಯಂತ್ರ ಬದಲಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಡ. ಆದರೆ ಅಲ್ಲಿಯೂ ಹಾಡು ಅದೇ ಉಳಿಯಿತು ಎಂಬುದನ್ನು ಮರೆಯಬಾರದು. ಗೀತೆಯ ಉಪಮೆಯೂ ಬಿಡಲು ಹೇಳುವುದು ಉಡಲಾಗದಂತೆ ಸವೆದದ್ದನ್ನು, ಹಳೆಯದೆಲ್ಲವನ್ನೂ ಅಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳು ಸವೆದ ಇಳಕಲ್ ಸೀರೆಯನ್ನೂ ಕಸಕ್ಕೆ ಹಾಕುವುದಿಲ್ಲ, ಗಟ್ಟಿ ಉಳಿದ ಭಾಗ ಕತ್ತರಿಸಿ ಕೌದಿ ಹೊಲಿಯುತ್ತಾರೆ. ಯಾವುದು ಸವೆದಿದೆ, ಯಾವುದು ಸವೆದಿಲ್ಲ ಎಂದು ಬೆರಳಿನಿಂದ ಮುಟ್ಟಿ ನೋಡುವ ಆ ತಾಳ್ಮೆ ಇಲ್ಲದೆ ಗೀತೆಯ ಮಾತನ್ನು ಹೊಸ ಸಾಮಾನು ಕೊಳ್ಳಲು ಎಳೆದು ತರುವುದು ಸರಿಯಲ್ಲ.

ಎರಡನೆಯ ಆಕ್ಷೇಪ ತತ್ತ್ವಶಾಸ್ತ್ರದವರದು. ಮೋಟಾರು ಬದಲಿಸಿ, ಗಾಲಿ ಬದಲಿಸಿ, ಸೂಜಿ ಬದಲಿಸಿದ ಮೇಲೆ ಅದು ಅದೇ ಯಂತ್ರವೇ? ಗ್ರೀಕರು ಥೀಸಿಯಸ್ಸನ ಹಡಗಿನ ಬಗ್ಗೆ ಇದನ್ನೇ ಕೇಳಿದರು. ಮಿಲಿಂದ ರಾಜನ ಎದುರು ಭಿಕ್ಷು ನಾಗಸೇನ ರಥದ ಒಂದೊಂದು ಭಾಗವನ್ನೂ ಎತ್ತಿ ತೋರಿಸಿ ಇದು ರಥವೇ ಎಂದು ಕೇಳಿದ. ಭಾಗಗಳ ಕೂಟಕ್ಕೆ ವ್ಯವಹಾರಕ್ಕಾಗಿ ಇಟ್ಟ ಹೆಸರಷ್ಟೇ ರಥ ಎಂದು ಆ ಸಂವಾದ ತಲುಪಿದ ಉತ್ತರವನ್ನು ನಾನು ಒಪ್ಪುತ್ತೇನೆ, ಆದ್ದರಿಂದಲೇ ಈ ಆಕ್ಷೇಪ ನಮ್ಮನ್ನು ತಡೆಯಬೇಕಿಲ್ಲ. ಆಗಮಗಳು ಇನ್ನೂ ಪ್ರಾಯೋಗಿಕ. ಜೀರ್ಣೋದ್ಧಾರದ ವಿಧಿಯಲ್ಲಿ ವಿಗ್ರಹದ ಪ್ರಧಾನ ಅಂಗ ಮುರಿದರೆ ಬದಲಿಸಬೇಕು, ಆಭರಣ, ಬೆರಳತುದಿಯಂಥ ಚಿಕ್ಕ ಭಾಗ ಮುಕ್ಕಾದರೆ ಸರಿಪಡಿಸಬಹುದು ಎಂಬ ವಿಂಗಡಣೆ ಇದೆ. ಕೆಲಸ ಶುರುವಾಗುವ ಮೊದಲು ಸಾನ್ನಿಧ್ಯವನ್ನು ಕಳಶಕ್ಕೆ ಆವಾಹಿಸಿ ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿ ಇಡುತ್ತಾರೆ. ಪುರಿಯಲ್ಲಿ 2015ರ ನವಕಳೇಬರದಲ್ಲಿ ಜಗನ್ನಾಥನ ಮರದ ಮೂರ್ತಿಗಳೇ ಹೊಸವಾದವು, ಒಳಗಿನ ಬ್ರಹ್ಮಪದಾರ್ಥ ಮಾತ್ರ ಹಳೆಯದರಿಂದ ಹೊಸದಕ್ಕೆ ಬಂತು. ಇದು ಅದೇ ಮೂರ್ತಿಯೇ ಎಂದು ಭಕ್ತರು ಕೇಳಲಿಲ್ಲ. ಪೂಜೆ ಮುಂದುವರಿಯುತ್ತದೆಯೇ ಎಂಬುದಷ್ಟೇ ಅವರಿಗೆ ಮುಖ್ಯ. ಪ್ಲೇಯರಿನಲ್ಲಿ ಪ್ರಧಾನ ಅಂಗ ಯಾವುದು ಎಂದರೆ ಗೀರನ್ನು ಮುಟ್ಟುವ ತೋಳು ಮತ್ತು ತಿರುಗುವ ಅಚ್ಚು. ಅವು ನೆಟ್ಟಗಾಗದಷ್ಟು ಕೆಟ್ಟಿದ್ದರೆ ಮಮತೆ ಬಿಟ್ಟು ಬೇರೆ ಯಂತ್ರ ತರುವುದೇ ಧರ್ಮ.

ಆದರೆ ಯಂತ್ರಕ್ಕೇ ಒಂದು ಗೌರವ ಇಲ್ಲವೇ, ಖಂಡೇ ಪೂಜೆಯ ದಿನ ನಾವು ಅದಕ್ಕೆ ಕುಂಕುಮ ಹಚ್ಚುವುದಿಲ್ಲವೇ ಎಂದು ಕೇಳುವವರಿದ್ದಾರೆ. ಹಚ್ಚುತ್ತೇವೆ. ರಾಯಾಪುರದ ಕೈಗಾರಿಕಾ ಶೆಡ್ಡುಗಳಲ್ಲೂ ಹಚ್ಚುತ್ತಾರೆ, ಹಾಗೆಂದು ಸವೆದ ಲೇತ್ ಅನ್ನು ಮಾರದೆ ಇರುವುದಿಲ್ಲ. ಅದೇ ಊರಿನ ಅಕ್ಷಯ ಪಾತ್ರ ಸಂಸ್ಥೆಯ ಅಡುಗೆಮನೆಯಿಂದ ಪ್ರತಿ ಶಾಲಾದಿನ ಸಾವಿರಾರು ಮಕ್ಕಳಿಗೆ ಮಧ್ಯಾಹ್ನದ ಊಟ ಹೋಗುತ್ತದೆ. ಅಲ್ಲಿ ಕೊಪ್ಪರಿಗೆಯನ್ನು ಉಳಿಸುವುದೂ ಬದಲಿಸುವುದೂ ಊಟದ ಹೊತ್ತಿಗೆ ಸಂಬಂಧಿಸಿದ ಮಾತು. ಪೂಜೆ ಸಲ್ಲುವುದು ಕೆಲಸಕ್ಕೆ. ಅಪ್ಪನ ನೆನಪಿಗಾಗಿ ಪೆಟ್ಟಿಗೆ ಇಟ್ಟುಕೊಳ್ಳುವುದನ್ನು ನಾನು ಅಲ್ಲಗಳೆಯುವುದಿಲ್ಲ. ಇಟ್ಟುಕೊಳ್ಳಿ, ಒರೆಸಿ, ಕಣ್ಣೆದುರು ಇಡಿ. ಇಟ್ಟುಕೊಳ್ಳುವುದಕ್ಕೆ ನೆನಪು ಸಾಕು, ನುಡಿಸುವುದಕ್ಕೆ ಸಾಲದು.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಕಠಿಣ. ತಟ್ಟೆಯೂ ದ್ರವ್ಯವೇ ಅಲ್ಲವೇ? ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಂಡರೆ ತಟ್ಟೆಗೂ ಪ್ರತಿನಿಧಿ ಸಿಕ್ಕಿತು, ಯಂತ್ರದ ಜಗಳವೇ ಮುಗಿಯಿತು. ಇಳಿಸಿಕೊಳ್ಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಪ್ರತಿ ಸಲ ನುಡಿಸಿದಾಗಲೂ ಗೀರು ಒಂದಿಷ್ಟು ಸವೆಯುವುದರಿಂದ ದಿನನಿತ್ಯ ಕೇಳುವುದಕ್ಕೆ ಪ್ರತಿಯೇ ಒಳ್ಳೆಯದು. ಆದರೆ ಪ್ರತಿ ಎಂದರೆ ಒಂದು ದಿನ ಒಂದು ಸೂಜಿ ಒಂದು ವೇಗದಲ್ಲಿ ಓದಿದ್ದು. ಆ ಕಾಲದ ರೆಕಾರ್ಡುಗಳೆಲ್ಲ ಕರಾರುವಾಕ್ಕಾಗಿ 78ರ ವೇಗದಲ್ಲೇ ಮುದ್ರಣವಾಗಿರಲಿಲ್ಲ. ಇಳಿಸುವವರು ವೇಗ ತಪ್ಪಾಗಿ ಊಹಿಸಿದರೆ ಕಂಪ್ಯೂಟರಿನಲ್ಲಿರುವ ಗಾಯಕಿ ಬೇರೆ ಶ್ರುತಿಯಲ್ಲಿ ಹಾಡುತ್ತಾಳೆ. ಮುಂದೆ ಇನ್ನೂ ಒಳ್ಳೆಯ ಸೂಜಿ, ಇನ್ನೂ ಹಗುರ ತೋಳು ಬಂದಾಗ ಮತ್ತೆ ಹೋಗಿ ಕೇಳಬೇಕಾದದ್ದು ಗೀರನ್ನೇ. ಪ್ರತಿ ಇದ್ದರೂ ಮೂಲ ಬೇಕು, ಮೂಲ ಇದ್ದರೆ ಅದನ್ನು ನೋಯಿಸದ ಒಂದು ಯಂತ್ರವಾದರೂ ಊರಿನಲ್ಲಿ ಬೇಕು.

ಆದ್ದರಿಂದ ಹುಬ್ಬಳ್ಳಿ, ಧಾರವಾಡ, ಗದಗ, ಕುಂದಗೋಳದ ಮನೆಗಳಲ್ಲಿ ಹಳೆಯ ಪೆಟ್ಟಿಗೆ ಇರುವವರಲ್ಲಿ ಒಂದು ಕೋರಿಕೆ. ರಿಪೇರಿಯೋ ಹೊಸದೋ ಎಂದು ನಿರ್ಧರಿಸುವ ಮೊದಲು ತಟ್ಟೆಗಳನ್ನು ಕೆಳಗಿಳಿಸಿ, ಮಲಗಿಸದೆ ನೆಟ್ಟಗೆ ನಿಲ್ಲಿಸಿ, ಲೇಬಲ್ ಓದಿ ಯಾವುವು 78, ಯಾವುವು ಎಲ್‌ಪಿ ಎಂದು ಬೇರೆ ಮಾಡಿ. ಆ ಪಟ್ಟಿ ಹಿಡಿದು ಮೆಕ್ಯಾನಿಕ್ಕಿನ ಬಳಿಗೋ ಅಂಗಡಿಗೋ ಹೋಗಿ. ಅಲ್ಲಿಯವರೆಗೆ ಹಳೆಯ ಸೂಜಿಯನ್ನು ಯಾವ ತಟ್ಟೆಯ ಮೇಲೂ ಇಳಿಸಬೇಡಿ.