ನೋವಿನ ಲೆಕ್ಕ ಬರೆಯಬೇಕಾದವರು ಯಾರು?



ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಅಲ್ಲಿಯ ಮೂಲನಿವಾಸಿಗಳ ಆರೋಗ್ಯ ಮತ್ತು ಮದ್ಯಪಾನವನ್ನು ಕುರಿತು ಸಂಶೋಧನೆ ಮಾಡುವುದಕ್ಕೆಂದೇ ಒಂದು ಕೇಂದ್ರ ಏರ್ಪಟ್ಟಿತು. ಆ ದೇಶದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ ಅದಕ್ಕೆ ಹಣ ಒದಗಿಸಿತು. ಈ ವಿಷಯದಲ್ಲಿ ಸ್ನಾತಕೋತ್ತರ ಸಂಶೋಧನೆ ಕೈಕೊಳ್ಳುವವರಿಗೆ ಕೇಂದ್ರವು ಶಿಷ್ಯವೇತನಗಳನ್ನು ಗೊತ್ತುಪಡಿಸಿತು. ಅವು ಮೂಲನಿವಾಸಿ ವಿದ್ಯಾರ್ಥಿಗಳಿಗಾಗಿಯೇ ಮೀಸಲಾದವು.

ಈ ಸಂಗತಿಯನ್ನು ನಾನು ಮಾತಿನ ನಡುವೆ ಹೇಳಿದಾಗ ಅಡತಿ ಅಂಗಡಿಯ ಹಿರಿಯರೊಬ್ಬರು ಕೇಳಿದರು: "ಅಲ್ರೀ ಕಾರ್ಯದರ್ಶಿಗಳ, ರೋಗಕ್ಕ ಜಾತಿ ಇಲ್ಲ, ಔಷಧಕ್ಕೂ ಜಾತಿ ಇಲ್ಲ. ಅದರ ಬಗ್ಗೆ ಓದೂದಕ್ಕ ಯಾಕ ಬೇಕು?" ಅವರ ಪಕ್ಕದಲ್ಲಿ ಕುಳಿತಿದ್ದವರು ನಗುತ್ತ, "ಕುಡಿಯೋ ಮಂದಿ ಕುಡಿತದ ಮ್ಯಾಲೆ ಏನ್ ಸಂಶೋಧನೆ ಮಾಡ್ತಾರ್ರೀ?" ಎಂದರು.

ಮೊದಲನೆಯವರ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಉತ್ತರ ಕೊಡಲೇಬೇಕು. ಎರಡನೆಯವರದು ಪ್ರಶ್ನೆಯ ರೂಪದಲ್ಲಿ ಬಂದ ಒಂದು ತೀರ್ಪು. ಆ ತೀರ್ಪು ಸರಿಯೇ ಎಂಬುದನ್ನು ಮೊದಲು ನೋಡೋಣ. ಅದು ನಿಂತರೆ ಮುಂದಿನ ಮಾತಿಗೆ ಅರ್ಥವೇ ಉಳಿಯುವುದಿಲ್ಲ.

ಬ್ರಿಟಿಷರು 1788ರಲ್ಲಿ ಸಿಡ್ನಿಯಲ್ಲಿ ವಸಾಹತು ಹೂಡುವುದಕ್ಕೆ ಹತ್ತಾರು ಸಾವಿರ ವರ್ಷ ಮೊದಲಿನಿಂದ ಆ ಭೂಮಿಯಲ್ಲಿ ಬಾಳಿ ಬಂದವರು ಆಬೊರಿಜಿನಲ್ ಜನ ಮತ್ತು ಟಾರೆಸ್ ಸ್ಟ್ರೇಟ್ ದ್ವೀಪಗಳ ಜನ. ಅವರಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಭಾಷೆಗಳಿದ್ದವು. 2021ರ ಅಂದಾಜಿನಂತೆ ಅವರ ಸಂಖ್ಯೆ ಸುಮಾರು 9 ಲಕ್ಷ 80 ಸಾವಿರ, ಅಂದರೆ ದೇಶದ ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕು ಮಂದಿಗಿಂತ ತುಸು ಕಡಿಮೆ. ಇವರೆಂದರೆ ಕುಡುಕರು ಎಂಬ ಮಾತು ಆ ದೇಶದಲ್ಲಿ ಬಹುಕಾಲದಿಂದ ಬೇರೂರಿದೆ. ಆದರೆ ಅಲ್ಲಿಯ ರಾಷ್ಟ್ರೀಯ ಸಮೀಕ್ಷೆಗಳು ಹೇಳುವುದು ಬೇರೆ. ಮದ್ಯವನ್ನು ಮುಟ್ಟದೆ ಇರುವವರ ಪ್ರಮಾಣ ಇತರ ಆಸ್ಟ್ರೇಲಿಯನ್ನರಿಗಿಂತ ಮೂಲನಿವಾಸಿಗಳಲ್ಲಿಯೇ ಹೆಚ್ಚು. ಹಾಗೆಯೇ, ಕುಡಿಯುವವರಲ್ಲಿ ಅಪಾಯದ ಮಟ್ಟಕ್ಕೆ ಕುಡಿಯುವವರ ಪ್ರಮಾಣವೂ ಅವರಲ್ಲಿ ಹೆಚ್ಚು, ಅದರಿಂದ ಬರುವ ರೋಗ, ಗಾಯ, ಸಾವು ಸಹ ಹೆಚ್ಚು. ಈ ಎರಡೂ ಮಾತು ನಿಜ. ಎರಡನೆಯದನ್ನು ಮಾತ್ರ ಹೇಳಿ ಮೊದಲನೆಯದನ್ನು ಬಿಟ್ಟರೆ ಅದು ಖರ್ಚನ್ನಷ್ಟೇ ಬರೆದು ಜಮಾ ಬಿಟ್ಟ ಕಿರ್ದಿಯಂತೆ. ಅಂಥ ಕಿರ್ದಿಯನ್ನು ನಂಬಿ ಒಂದು ಅಂಗಡಿಯ ಸ್ಥಿತಿಯನ್ನು ಹೇಳಲಾಗದು, ಒಂದು ಜನಾಂಗದ ಸ್ಥಿತಿಯನ್ನು ಹೇಳುವುದು ಹೇಗೆ?

ಇಂಥ ಅರ್ಧ ಲೆಕ್ಕದಿಂದ ಮನುಷ್ಯನಿಗೆ ಏನಾಗುತ್ತದೆ ಎಂಬುದಕ್ಕೆ ಆಲ್ಬರ್ಟ್ ನಮಾಟ್ಜಿರಾ ಅವರ ಬಾಳೇ ಸಾಕ್ಷಿ. 1902ರಲ್ಲಿ ಹುಟ್ಟಿದ ಇವರು ಮಧ್ಯ ಆಸ್ಟ್ರೇಲಿಯಾದ ಅರೆಂಟ್ ಜನಾಂಗದ ಚಿತ್ರಕಾರರು. ಆ ನಾಡಿನ ಬೆಟ್ಟ, ಮರ, ಕಣಿವೆಗಳನ್ನು ಜಲವರ್ಣದಲ್ಲಿ ಬರೆದು ದೇಶವಿಡೀ ಹೆಸರಾದರು. 1954ರಲ್ಲಿ ಎಲಿಜಬೆತ್ ರಾಣಿ ಬಂದಾಗ ಅವರನ್ನು ರಾಣಿಗೆ ಭೇಟಿ ಮಾಡಿಸಲಾಯಿತು. ಆದರೂ ಅಂದಿನ ಕಾಯದೆಯಂತೆ ಮೂಲನಿವಾಸಿಗಳು ಮದ್ಯ ಕೊಳ್ಳುವಂತಿರಲಿಲ್ಲ, ತಮ್ಮ ಇಷ್ಟದಂತೆ ವಾಸ ಮಾಡುವಂತೆಯೂ ಇರಲಿಲ್ಲ. 1957ರಲ್ಲಿ ನಮಾಟ್ಜಿರಾ ಮತ್ತು ಅವರ ಹೆಂಡತಿಗೆ ಮಾತ್ರ ಈ ನಿರ್ಬಂಧಗಳಿಂದ ವಿನಾಯಿತಿ ಸಿಕ್ಕಿತು. ಅವರ ಬಂಧುಬಳಗಕ್ಕೆ ಸಿಗಲಿಲ್ಲ. ಇದ್ದದ್ದನ್ನು ಬಂಧುಗಳೊಡನೆ ಹಂಚಿಕೊಳ್ಳುವುದು ಅವರ ಜನಾಂಗದಲ್ಲಿ ತಪ್ಪಿಸಲಾಗದ ಕಟ್ಟಳೆ. ಸರಕಾರದ ಕಣ್ಣಿನಲ್ಲಿ ಅದೇ ಅಪರಾಧವಾಯಿತು. 1958ರಲ್ಲಿ ಬಂಧುವಿಗೆ ಮದ್ಯ ಒದಗಿಸಿದರೆಂದು ಅವರಿಗೆ ಆರು ತಿಂಗಳ ಶಿಕ್ಷೆಯಾಯಿತು. ಜನರು ಕೂಗೆಬ್ಬಿಸಿದ ಮೇಲೆ ಅದು ಮೂರು ತಿಂಗಳಿಗೆ ಇಳಿಯಿತು, ಎರಡು ತಿಂಗಳು ಅನುಭವಿಸಿ ಹೊರಬಂದರು. 1959ರ ಆಗಸ್ಟಿನಲ್ಲಿ ತೀರಿಕೊಂಡರು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಆ ಕಾಯದೆ ಮಾಡಿದವರು ದುಷ್ಟರೆಂದು ಹೇಳಬೇಕಾಗಿಲ್ಲ. ಮೂಲನಿವಾಸಿಗಳಿಗೆ ಮದ್ಯದಿಂದ ಕೇಡಾಗದಿರಲಿ ಎಂಬ ಕಳಕಳಿ ಅವರಲ್ಲಿ ಕೆಲವರಿಗಾದರೂ ಇದ್ದಿತು. ಆದರೆ ಯಾರ ಹಿತಕ್ಕೆಂದು ಕಾಯದೆ ಮಾಡಿದರೋ ಅವರನ್ನು ಕೇಳಲಿಲ್ಲ. ಹಂಚಿ ಬಾಳುವ ಕಟ್ಟಳೆಯ ಬೆಲೆಯನ್ನು ತಿಳಿದವರಾರೂ ಆ ಮೇಜಿನ ಸುತ್ತ ಕುಳಿತಿರಲಿಲ್ಲ. ಮುಂದೆ 1987ರಿಂದ 1991ರವರೆಗೆ ಬಂಧನದಲ್ಲಿ ಸತ್ತ 99 ಮಂದಿ ಮೂಲನಿವಾಸಿಗಳ ಬಗ್ಗೆ ವಿಚಾರಣಾ ಆಯೋಗ ಕುಳಿತು 339 ಶಿಫಾರಸುಗಳನ್ನು ಮಾಡಿತು. ಬೀದಿಯಲ್ಲಿ ಕುಡಿದು ಬಿದ್ದವನನ್ನು ಅಪರಾಧಿ ಎನ್ನುವುದನ್ನು ಬಿಡಬೇಕು ಎಂಬುದು ಅವುಗಳಲ್ಲೊಂದು. ವಿಕ್ಟೋರಿಯಾ ರಾಜ್ಯದಲ್ಲಿ ಅದು ಜಾರಿಗೆ ಬಂದದ್ದು 2023ರ ನವೆಂಬರಿನಲ್ಲಿ. ಬರೆದ ಮಾತು ನಡೆಯುವ ಮಾತಾಗುವುದಕ್ಕೆ ಮೂವತ್ತು ವರ್ಷಕ್ಕೂ ಮೇಲೆ ಹಿಡಿಯಿತು.

ಈಗ ಹಿರಿಯರು ಕೇಳಿದ ಪ್ರಶ್ನೆಗೆ ಬರೋಣ. ಔಷಧಕ್ಕೆ ಜಾತಿ ಇಲ್ಲವೆಂಬುದು ಸತ್ಯ. ಆದರೆ ಔಷಧ ಕೊಡುವ ಮೊದಲು ರೋಗ ಎಷ್ಟಿದೆ ಎಂದು ಅಳೆಯಬೇಕು. ಅಳತೆ ತಪ್ಪುವುದು ಅಲ್ಲಿಯೇ.

ಆಸ್ಟ್ರೇಲಿಯಾದಲ್ಲಿ 10 ಗ್ರಾಂ ಮದ್ಯಸಾರ ಇರುವಷ್ಟಕ್ಕೆ ಒಂದು ಪ್ರಮಾಣ ಪಾನ ಎನ್ನುತ್ತಾರೆ. ಸಮೀಕ್ಷೆಯವನು ಬಂದು, "ನೀವು ದಿನಕ್ಕೆ ಸರಾಸರಿ ಎಷ್ಟು ಪ್ರಮಾಣ ಕುಡಿಯುತ್ತೀರಿ?" ಎಂದು ಕೇಳುತ್ತಾನೆ. ಪೇಟೆಯಲ್ಲಿ ಒಬ್ಬನೇ ಕುಳಿತು ಲೋಟದ ಲೆಕ್ಕದಲ್ಲಿ ಕುಡಿಯುವವನಿಗೆ ಇದಕ್ಕೆ ಉತ್ತರ ಗೊತ್ತು. ಆದರೆ ದೂರದ ಹಳ್ಳಿಯಲ್ಲಿ ನಾಲ್ಕಾರು ಮಂದಿ ವರ್ತುಲವಾಗಿ ಕುಳಿತು ಒಂದೇ ಡಬ್ಬಿಯ ದ್ರಾಕ್ಷಾರಸವನ್ನು ಖಾಲಿ ಬಾಟಲಿಗೆ ಬಗ್ಗಿಸಿ ಹಂಚಿಕೊಂಡು ಕುಡಿಯುತ್ತಾರೆ. ಕೆಲವು ದಿನ ಕುಡಿದು, ಬಳಿಕ ವಾರಗಟ್ಟಲೆ ಮುಟ್ಟದೆ ಇರುತ್ತಾರೆ. ಅಂಥವರಿಗೆ ದಿನದ ಸರಾಸರಿ ಎಂಬ ಮಾತಿಗೆ ಅರ್ಥವೇ ಇಲ್ಲ. ಅದರ ಮೇಲೆ ಪ್ರಶ್ನೆ ಇರುವುದು ಪರಭಾಷೆಯಲ್ಲಿ, ಕೇಳುವವನು ಅಪರಿಚಿತ, ಉತ್ತರಿಸುವುದಕ್ಕೆ ನಾಚಿಕೆ. ಮನುಷ್ಯ ಬಾಯಿಗೆ ಬಂದ ಒಂದು ಅಂಕಿ ಹೇಳಿ ಕೈತೊಳೆದುಕೊಳ್ಳುತ್ತಾನೆ. ಸೇರಿನಲ್ಲಿ ಅಳೆಯುವ ಕಾಳನ್ನು ಗಜದಲ್ಲಿ ಅಳೆದರೆ ಹೇಗೋ ಹಾಗೆ. ತಪ್ಪು ಕಾಳಿನದೂ ಅಲ್ಲ, ಗಜದ್ದೂ ಅಲ್ಲ.

ಸಿಡ್ನಿಯ ಸಂಶೋಧಕರು ದಕ್ಷಿಣ ಆಸ್ಟ್ರೇಲಿಯಾದ ಮೂಲನಿವಾಸಿಗಳ ಮದ್ಯ-ಮಾದಕ ಪರಿಷತ್ತಿನ ಜೊತೆಗೂಡಿ ಇದಕ್ಕೊಂದು ದಾರಿ ಹುಡುಕಿದರು. ಕೈಯಲ್ಲಿ ಹಿಡಿಯುವ ಟ್ಯಾಬ್ಲೆಟ್ಟಿನ ಪರದೆಯ ಮೇಲೆ ಬಾಟಲಿ, ಡಬ್ಬಿ, ಲೋಟಗಳ ಚಿತ್ರ ಬರುತ್ತವೆ. ಪ್ರಶ್ನೆ ಇಂಗ್ಲಿಷಿನಲ್ಲಿ ಅಥವಾ ಪಿಟ್ಜನ್ಟ್ಜಾಟ್ಜರಾ ಭಾಷೆಯಲ್ಲಿ ಕಿವಿಗೆ ಕೇಳಿಸುತ್ತದೆ. ಸರಾಸರಿಯನ್ನು ಕೇಳುವುದಿಲ್ಲ. ಈಚೆಗೆ ಕುಡಿದದ್ದು ಯಾವಾಗ, ಯಾವ ಪಾತ್ರೆಯಲ್ಲಿ, ಎಷ್ಟು ಮಂದಿ ಹಂಚಿಕೊಂಡಿರಿ ಎಂದು ಕೇಳುತ್ತದೆ. ಜನರು ಕುಡಿಯುವ ರೀತಿಯನ್ನು ಒಳಗಿನಿಂದ ಬಲ್ಲವರು ಕೂಡಿದ್ದರಿಂದಲೇ ಇದು ಸಾಧ್ಯವಾಯಿತು. ಬೇರೆ ಭಾಷೆಯ ಕಚೇರಿಗಳಲ್ಲಿ ಬೇರೆ ಭಾಷೆಯ ಫಾರಮು ತುಂಬಿ ಬಂದ ಗಡಿನಾಡಿನ ನಮಗೆ, ಪ್ರಶ್ನೆ ಯಾರ ನುಡಿಯಲ್ಲಿದೆ ಎಂಬುದರ ಮೇಲೆ ಉತ್ತರದ ಸತ್ಯ ನಿಲ್ಲುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಇದಕ್ಕೆ ಒಂದು ಎದುರು ಮಾತಿದೆ, ಅದನ್ನು ಮುಚ್ಚಿಡಬಾರದು. ತನ್ನವರ ಬಗ್ಗೆ ಬರೆಯುವವನು ತನ್ನವರ ತಪ್ಪನ್ನು ಮರೆಮಾಚಬಹುದಲ್ಲವೇ? ಮನೆಯ ಲೆಕ್ಕವನ್ನು ಮನೆಯವನೇ ಬರೆದು ಅವನೇ ತಪಾಸಣೆ ಮಾಡಿದರೆ ಒಪ್ಪುವುದು ಹೇಗೆ? ವಾಣಿಜ್ಯ ಓದಿದ ನನಗೆ ಈ ಶಂಕೆ ಸಹಜವಾಗಿಯೇ ಬಂದಿತು. ಅದಕ್ಕೆ ಸಮಾಧಾನ ಸಿಕ್ಕಿದ್ದು ಫಿಟ್ಜ್‌ರಾಯ್ ಕ್ರಾಸಿಂಗ್ ಎಂಬ ಊರಿನ ಹೆಣ್ಣುಮಕ್ಕಳಿಂದ.

ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿ ಸೀಮೆಯ ಆ ಊರಿನಲ್ಲಿ ಕುಡಿತದಿಂದ ಸಾವಿನ ಮೇಲೆ ಸಾವು ನಡೆದಿದ್ದವು. ಬುನುಬಾ ಜನಾಂಗದ ಜೂನ್ ಆಸ್ಕರ್ ಮತ್ತು ಅವರ ಜೊತೆಗಾತಿ ಎಮಿಲಿ ಕಾರ್ಟರ್ ಮುಂದಾಳುತನದಲ್ಲಿ ಹೆಣ್ಣುಮಕ್ಕಳು ಕೂಡಿ ನಿಂತರು. ಅವರ ಬೇಡಿಕೆಯಂತೆ 2007ರ ಅಕ್ಟೋಬರಿನಿಂದ ನೂರಕ್ಕೆ 2.7ಕ್ಕಿಂತ ಹೆಚ್ಚು ಮದ್ಯಸಾರವಿರುವ ಪಾನೀಯವನ್ನು ಮನೆಗೆ ಕೊಂಡೊಯ್ಯಲು ಮಾರುವುದು ನಿಂತಿತು. ಊರಿನೊಳಗೇ ವಿರೋಧ ಬಂದಿತು, ಸಹಿಸಿಕೊಂಡರು. ಅಲ್ಲಿಗೂ ನಿಲ್ಲದೆ, ಗರ್ಭದಲ್ಲಿದ್ದಾಗ ತಾಯಿ ಕುಡಿದ ಮದ್ಯದಿಂದ ನಮ್ಮ ಮಕ್ಕಳ ಮಿದುಳಿಗೆ ಎಷ್ಟು ಹಾನಿಯಾಗಿದೆ ಎಂಬುದನ್ನು ತಿಳಿಯಲೇಬೇಕೆಂದು ನಿಶ್ಚಯಿಸಿ ಸಿಡ್ನಿಯ ವೈದ್ಯರನ್ನೂ ಸಂಶೋಧಕರನ್ನೂ ತಾವೇ ಬರಮಾಡಿಕೊಂಡರು. ಆ ಅಧ್ಯಯನಕ್ಕೆ ಲಿಲಿಲ್ವಾನ್ ಎಂದು ಹೆಸರಿಟ್ಟರು. ಎಲ್ಲ ಚಿಕ್ಕ ಮಕ್ಕಳು ಎಂದು ಅದರ ಅರ್ಥ. 2002 ಮತ್ತು 2003ರಲ್ಲಿ ಹುಟ್ಟಿದ ಮಕ್ಕಳಲ್ಲಿ 108 ಮಕ್ಕಳನ್ನು ಪರೀಕ್ಷಿಸಿದಾಗ ಹೆಚ್ಚುಕಡಿಮೆ ಐದರಲ್ಲಿ ಒಂದು ಮಗುವಿಗೆ ಆ ಹಾನಿ ಕಂಡುಬಂದಿತು.

ಯಾವ ತಾಯಿಗೆ ತಾನೇ ಈ ಅಂಕಿಯನ್ನು ಲೋಕದ ಮುಂದಿಡುವ ಮನಸ್ಸಾದೀತು? ಹೊರಗಿನವರು ಬಂದು ಇದೇ ಅಂಕಿಯನ್ನು ಹೇಳಿದ್ದರೆ ಅದು ಇನ್ನೊಂದು ನಿಂದೆಯಾಗುತ್ತಿತ್ತು. ಬಾಗಿಲು ಮುಚ್ಚುತ್ತಿದ್ದವು. ತಾಯಂದಿರೇ ಕೇಳಿ ಪಡೆದ ಸತ್ಯವಾದ್ದರಿಂದ ಅದು ಮಕ್ಕಳ ಆರೈಕೆಗೆ ದಾರಿಯಾಯಿತು. ಜೂನ್ ಆಸ್ಕರ್ ಮುಂದೆ 2017ರಿಂದ 2024ರವರೆಗೆ ಮೂಲನಿವಾಸಿಗಳ ಸಾಮಾಜಿಕ ನ್ಯಾಯದ ರಾಷ್ಟ್ರೀಯ ಆಯುಕ್ತರಾಗಿ ಕೆಲಸ ಮಾಡಿದರು. ನಾಚಿಕೆಯಿಂದ ಮುಚ್ಚಿಡುವುದು ಅಧಿಕಾರ ಇಲ್ಲದವರ ರೀತಿ. ಲೆಕ್ಕದ ಪುಸ್ತಕ ತನ್ನ ಕೈಯಲ್ಲಿದೆ ಎಂಬ ಭರವಸೆ ಇದ್ದವನು ನಷ್ಟವನ್ನೂ ಬರೆಯಬಲ್ಲ.

ಈ ಕೆಲಸದಲ್ಲಿ ಹೊರಗಿನ ವಿದ್ವಾಂಸರನ್ನು ಅವರು ದೂರವಿಡಲಿಲ್ಲ ಎಂಬುದನ್ನೂ ನೋಡಬೇಕು. ಫಿಟ್ಜ್‌ರಾಯ್ ಕ್ರಾಸಿಂಗಿಗೆ ವಿಶ್ವವಿದ್ಯಾಲಯದ ವೈದ್ಯರು ಬೇಕೇ ಆದರು. ವ್ಯತ್ಯಾಸವೆಂದರೆ ಕರೆದವರು ಊರವರು, ಪ್ರಶ್ನೆ ಊರವರದು. ಇಂಥ ಕೂಡುಕೆಲಸ ಎಲ್ಲ ಊರುಗಳಲ್ಲೂ ನಡೆಯಬೇಕಾದರೆ ಎರಡೂ ಕಡೆಯ ಮಾತು ಬಲ್ಲವರು ಬೇಕು. ಅಜ್ಜಿಯ ನುಡಿಯೂ ಗೊತ್ತಿರಬೇಕು, ಅಂಕಿಅಂಶಗಳ ಶಾಸ್ತ್ರವೂ ಗೊತ್ತಿರಬೇಕು. ಅಂಥವರು ತಾವಾಗಿಯೇ ಬೆಳೆದು ಬರುವುದಿಲ್ಲ. ಪಿಎಚ್.ಡಿ. ಎಂದರೆ ಮೂರು ನಾಲ್ಕು ವರ್ಷದ ದುಡಿಮೆ. ಚಿಕಿತ್ಸಾಲಯದಲ್ಲಿ ಸಂಬಳಕ್ಕಿರುವ, ಮನೆಯಲ್ಲಿ ಮಕ್ಕಳೂ ಮುದುಕರೂ ಇರುವ ಹೆಣ್ಣುಮಗಳು ಅದನ್ನು ಬಿಟ್ಟು ಓದಲು ಹೋದರೆ ಒಲೆ ಉರಿಯುವುದು ಹೇಗೆ? ಮೂಲನಿವಾಸಿ ವಿದ್ಯಾರ್ಥಿಗಳಿಗೆ ಆಸ್ಟ್ರೇಲಿಯಾ ಸರಕಾರವು 1969ರಿಂದಲೇ ವ್ಯಾಸಂಗ ಸಹಾಯ ಆರಂಭಿಸಿತು. ಅದರ ಮುಂದಿನ ಮೆಟ್ಟಿಲು ಇಂಥ ಸಂಶೋಧನಾ ಶಿಷ್ಯವೇತನ. ಅದು ಅಂಕದ ಓಟದಲ್ಲಿ ಹಿಂದೆ ಬಿದ್ದವರಿಗೆ ಎಸೆದ ರೊಟ್ಟಿಯೆಂದು ತಿಳಿಯುವುದು ತಪ್ಪು. ದೇಶಕ್ಕೆ ಬೇಕಾದ, ಬೇರೆಯವರಿಂದ ಆಗದ ಒಂದು ಕೆಲಸಕ್ಕೆ ಕೊಡುವ ಕೂಲಿ ಅದು.

ಇನ್ನೊಂದು ಕಠಿಣವಾದ ಪ್ರಶ್ನೆ ಉಳಿದಿದೆ. ನೊಂದವರ ಮಗ ನೋವನ್ನೇ ಓದಬೇಕೆ? ಮೂಲನಿವಾಸಿ ಎಂದೊಡನೆ ಮದ್ಯ ಎನ್ನುವುದಾದರೆ ಶಿಷ್ಯವೇತನವೂ ಹಳೆಯ ಮುದ್ರೆಯನ್ನೇ ಒತ್ತಿದಂತೆ ಆಗುವುದಿಲ್ಲವೇ? ಹಗಲೆಲ್ಲ ಬರೆಯುವುದು ಕುಡಿತದ ಸಾವುಗಳನ್ನು, ಸಂಜೆ ಮನೆಗೆ ಬಂದರೆ ಅಂಥದೇ ಒಂದು ಸಾವಿನ ಸುದ್ದಿ. ಈ ಹೊರೆಯನ್ನು ಹೊರುವವರಿಗೆ ಮಾತ್ರ ಅದರ ಭಾರ ಗೊತ್ತು. ನನಗೆ ತೋರುವುದಿಷ್ಟು: ಬಾಗಿಲು ತೆರೆಯುವುದು ಬೇರೆ, ಅದೊಂದೇ ಬಾಗಿಲೆಂದು ಹೇಳುವುದು ಬೇರೆ. ಅದೇ ಜನಾಂಗದ ಹುಡುಗ ನಕ್ಷತ್ರಶಾಸ್ತ್ರ ಓದುತ್ತೇನೆಂದರೆ ಅವನಿಗೂ ಹಣ ಇರಬೇಕು. ಮದ್ಯದ ಬಗ್ಗೆ ಓದಲು ಬಂದವಳಿಗೆ ಹಣದ ಜೊತೆಗೆ ಬೆನ್ನಿಗೆ ನಿಲ್ಲುವ ಗುರುಗಳೂ ಬೇಕು, ನಡುವೆ ದಣಿದರೆ ಕೂತು ಸುಧಾರಿಸಿಕೊಳ್ಳುವ ಅವಕಾಶವೂ ಬೇಕು. ಬರಿಯ ಹಣ ಕೊಟ್ಟು ಹೊರೆಯನ್ನು ಅವಳ ತಲೆಗೆ ಹೊರಿಸಿ ಕೈಬಿಡುವವನು ಕೊಟ್ಟವನೂ ಅಲ್ಲ.

ಪಡೆದವರ ಮೇಲೆಯೂ ಋಣ ಇದೆ. ಆ ದೇಶದ ಸಂಶೋಧನಾ ಮಂಡಳಿಯು 2018ರಲ್ಲಿ ಹೊರಡಿಸಿದ ನೀತಿಸೂತ್ರಗಳಲ್ಲಿ ಆರು ಮೌಲ್ಯಗಳನ್ನು ಹೇಳಿದೆ: ಆತ್ಮಬಲ ಮತ್ತು ಪ್ರಾಮಾಣಿಕತೆ, ಸಂಸ್ಕೃತಿಯ ಮುಂದುವರಿಕೆ, ಸಮನ್ಯಾಯ, ಕೊಟ್ಟು ಕೊಳ್ಳುವಿಕೆ, ಗೌರವ ಮತ್ತು ಹೊಣೆಗಾರಿಕೆ. ಇವುಗಳಲ್ಲಿ ಕೊಟ್ಟು ಕೊಳ್ಳುವಿಕೆ ಎಂಬುದರ ಮೇಲೆ ನನ್ನ ಕಣ್ಣು ನಿಂತಿತು. ಜನರಿಂದ ಮಾಹಿತಿ ಪಡೆದವನು ಅದರ ಫಲವನ್ನು ಅವರ ಮನೆಬಾಗಿಲಿಗೆ ಹಿಂದಿರುಗಿಸಬೇಕು ಎಂಬುದು ಅದರ ತಾತ್ಪರ್ಯ. ದಾನಕ್ಕೂ ದಾಸೋಹಕ್ಕೂ ಇರುವ ಅಂತರ ಕೇಳಿ ಬೆಳೆದ ನಮಗೆ ಈ ಮಾತು ಹೊಸದಲ್ಲ. ಕೊಡುವವನಲ್ಲಿ ಕೊಟ್ಟೆನೆಂಬ ಹಮ್ಮು ಇರಬಾರದು, ಪಡೆದವನಲ್ಲಿ ಇದು ನನ್ನೊಬ್ಬನದು ಎಂಬ ಭಾವನೆ ಇರಬಾರದು.

ಅಡತಿ ಅಂಗಡಿಯ ಹಿರಿಯರಿಗೆ ನಾನು ಇಷ್ಟನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಂದ್ರ ಕಿರ್ದಿ ಅವರ ಕೈಯಾಗ ಕೊಟ್ಟಾರ ಅನ್ರೀ" ಎಂದರು. ಹೌದು, ಅಷ್ಟೇ. ಎರಡು ನೂರು ವರ್ಷ ಬೇರೆಯವರು ಬರೆದ ಪುಸ್ತಕದಲ್ಲಿ ತಮ್ಮ ಹೆಸರಿನ ಮುಂದೆ ಬರಿಯ ಖರ್ಚನ್ನೇ ಕಂಡವರು ಈಗ ಲೇಖನಿ ಹಿಡಿದಿದ್ದಾರೆ. ಇನ್ನೊಬ್ಬರ ಬಗ್ಗೆ, ಅವರು ನಮ್ಮ ನೆರೆಯವರೇ ಆಗಿರಲಿ, ದೂರದವರೇ ಆಗಿರಲಿ, "ಅವರೆಲ್ಲ ಹಿಂಗ" ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವ ಮೊದಲು, ಈ ಲೆಕ್ಕ ಬರೆದವರು ಯಾರು ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.